ಹಿರೇಮಠ (ಅಡ್ಡಹೆಸರು)

ಹಿರೇಮಠ ಎಂಬುದು ಉತ್ತರ ಹಾಗೂ ಮಧ್ಯ ಕರ್ನಾಟಕದಲ್ಲಿ ಬಳಕೆಯಲ್ಲಿರುವ ಒಂದು ಅಡ್ಡಹೆಸರು. ವೀರಶೈವ-ಲಿಂಗಾಯತ ಸಮಾಜದ ಜಂಗಮ ಮನೆತನಗಳಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. 'ಹಿರಿಯ ಮಠ' ಅಥವಾ 'ದೊಡ್ಡ ಮಠ' ಎಂಬುದು ಇದರ ನೇರ ಅರ್ಥ. ಈ ಹೆಸರು ಒಬ್ಬ ಮೂಲಪುರುಷನಿಂದಾಗಲಿ ಒಂದು ನಿರ್ದಿಷ್ಟ ಊರಿನಿಂದಾಗಲಿ ಹುಟ್ಟಿದುದಲ್ಲ. ಒಂದಕ್ಕಿಂತ ಹೆಚ್ಚು ಮಠಗಳಿದ್ದ ಊರುಗಳಲ್ಲಿ ಹಿರಿಯ ಮಠಕ್ಕೆ ಸೇರಿದ ಮನೆತನವನ್ನು ಗುರುತಿಸಲು ಇದು ಬೇರೆ ಬೇರೆ ಕಡೆ ಸ್ವತಂತ್ರವಾಗಿ ರೂಪುಗೊಂಡಿತು. ಆದ್ದರಿಂದ ಈ ಅಡ್ಡಹೆಸರುಳ್ಳ ಇಬ್ಬರು ವ್ಯಕ್ತಿಗಳ ನಡುವೆ ರಕ್ತಸಂಬಂಧ ಇರಲೇಬೇಕೆಂದಿಲ್ಲ.

ಪದನಿಷ್ಪತ್ತಿ

ಈ ಹೆಸರಿನಲ್ಲಿ ಎರಡು ಪದಗಳಿವೆ. ಮೊದಲನೆಯದಾದ 'ಹಿರೇ' ಅಚ್ಚಗನ್ನಡ ಪದ. ಹಳಗನ್ನಡದ 'ಪಿರಿ', 'ಪಿರಿದು', 'ಪಿರಿಯ' ಎಂಬ ರೂಪಗಳಲ್ಲಿನ ಪಕಾರವು ನಡುಗನ್ನಡದ ಹೊತ್ತಿಗೆ ಹಕಾರವಾಗಿ 'ಹಿರಿ', 'ಹಿರಿದು', 'ಹಿರಿಯ' ಎಂದಾಯಿತು. ತಮಿಳಿನ 'ಪೆರಿಯ' ಎಂಬ ಪದ ಇದರ ಸಜಾತಿ. 'ಹಿರಿಯ' ಎಂಬುದು ನಾಮಪದದ ಹಿಂದೆ ಬಂದಾಗ ಆಡುಮಾತಿನಲ್ಲಿ 'ಹಿರೇ' ಎಂದು ಸಂಕ್ಷೇಪಗೊಳ್ಳುತ್ತದೆ. ಎರಡನೆಯದಾದ 'ಮಠ' ಸಂಸ್ಕೃತದಿಂದ ಬಂದ ಪದ. ಕನ್ನಡ ಮತ್ತು ಸಂಸ್ಕೃತ ಪದಗಳು ಹೀಗೆ ಕೂಡಿ ಆಗುವ ಸಮಾಸವನ್ನು ಕನ್ನಡ ವ್ಯಾಕರಣದಲ್ಲಿ ಅರಿಸಮಾಸ ಎಂದು ಕರೆಯಲಾಗುತ್ತದೆ.

'ಹಿರೇ' ಎಂಬ ವಿಶೇಷಣವು ಗಾತ್ರದ ದೊಡ್ಡತನವನ್ನೂ ವಯಸ್ಸಿನ ಹಿರಿತನವನ್ನೂ ಸೂಚಿಸಬಲ್ಲದು. ಊರ ಹೆಸರುಗಳಲ್ಲಿಯೂ ಇದು ಸಾಮಾನ್ಯ. ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ, ಹರಪನಹಳ್ಳಿ ತಾಲ್ಲೂಕಿನ ಹಿರೇಮೇಗಳಗೆರೆ, ಹಾವೇರಿ ಜಿಲ್ಲೆಯ ಹಿರೇಕೆರೂರು ಇದಕ್ಕೆ ನಿದರ್ಶನಗಳು. ಹಿರೇಕೆರೂರಿನ ಜೊತೆಗೆ ಚಿಕ್ಕೇರೂರು ಇರುವಂತೆ, 'ಹಿರೇ' ಎಂಬುದು ಸಾಮಾನ್ಯವಾಗಿ ಇನ್ನೊಂದರೊಂದಿಗೆ ಹೋಲಿಸಿ ಹೇಳುವ ಮಾತು. ಹಿರೇಮಠ ಎಂಬ ಹೆಸರೂ ಹಾಗೆಯೇ. ಊರಿನಲ್ಲಿ ಒಂದೇ ಮಠವಿದ್ದರೆ ಅದನ್ನು 'ಮಠ' ಎಂದರೆ ಸಾಕು. ಎರಡನೆಯದು ಹುಟ್ಟಿದಾಗ ಮೊದಲನೆಯದು 'ಹಿರೇಮಠ'ವಾಗುತ್ತದೆ.

ಐತಿಹಾಸಿಕ ಹಿನ್ನೆಲೆ

ಮಠಗಳನ್ನು ಅವುಗಳ ನೆಲೆ, ಗಾತ್ರ ಅಥವಾ ಕಟ್ಟಡದ ಲಕ್ಷಣದಿಂದ ಗುರುತಿಸುವ ರೂಢಿ ಕನ್ನಡ ನಾಡಿನಲ್ಲಿ ಹಳೆಯದು. ಬಳ್ಳಿಗಾವಿಯಲ್ಲಿ 12ನೆಯ ಶತಮಾನದಲ್ಲಿ ಪ್ರಸಿದ್ಧವಾಗಿದ್ದ ಕಾಳಾಮುಖ ಶೈವರ ವಿದ್ಯಾಕೇಂದ್ರಕ್ಕೆ 'ಕೋಡಿಯಮಠ' ಎಂಬ ಹೆಸರಿತ್ತು. ಕೆರೆಯ ಕೋಡಿಯ ಬಳಿ ಇದ್ದ ಮಠ ಎಂಬುದೇ ಅದರ ಅರ್ಥ.

ವೀರಶೈವ-ಲಿಂಗಾಯತ ಸಮಾಜದಲ್ಲಿ ಮಠಗಳನ್ನು ಸ್ಥೂಲವಾಗಿ ಗುರುಸ್ಥಲದ ಮಠಗಳು ಮತ್ತು ವಿರಕ್ತಮಠಗಳು ಎಂದು ವಿಂಗಡಿಸಲಾಗುತ್ತದೆ. ಗುರುಸ್ಥಲದ ಮಠಗಳು ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ ಮತ್ತು ಕಾಶಿ ಎಂಬ ಐದು ಪೀಠಗಳ ಪರಂಪರೆಯೊಂದಿಗೆ ಗುರುತಿಸಿಕೊಳ್ಳುತ್ತವೆ. ವಿರಕ್ತಮಠಗಳು ಬಸವಾದಿ ಶರಣರ ಮತ್ತು ಶೂನ್ಯಪೀಠದ ಪರಂಪರೆಯೊಂದಿಗೆ ಗುರುತಿಸಿಕೊಳ್ಳುತ್ತವೆ. ಇವುಗಳಲ್ಲದೆ ಹಳ್ಳಿಗಳಲ್ಲಿ ಜಂಗಮ ಕುಟುಂಬವೊಂದು ವಾಸವಾಗಿದ್ದು ಪೌರೋಹಿತ್ಯ ನಡೆಸುವ ಮನೆಯನ್ನೂ ಜನರು ಮಠವೆಂದೇ ಕರೆಯುತ್ತಾರೆ. ಹಿರೇಮಠ ಎಂಬ ಅಡ್ಡಹೆಸರು ಹೆಚ್ಚಾಗಿ ಬೆಳೆದುಬಂದುದು ಇಂತಹ ಗೃಹಸ್ಥ ಮಠಗಳಿಂದ ಹಾಗೂ ಗುರುಸ್ಥಲದ ಮಠಗಳಿಗೆ ಸೇರಿದ ಕುಟುಂಬಗಳಿಂದ.

ಲಿಂಗಧಾರಣೆ, ಮದುವೆ, ಗೃಹಪ್ರವೇಶ ಮತ್ತು ಅಂತ್ಯಕ್ರಿಯೆಗಳನ್ನು ನಡೆಸಿಕೊಡುವುದು ಊರಿನ ಮಠದ ಹೊಣೆಯಾಗಿತ್ತು. ಪ್ರತಿಯಾಗಿ ಭಕ್ತರ ಮನೆಗಳಿಂದ ಕಂತಿಭಿಕ್ಷೆ, ಸುಗ್ಗಿಯ ಕಾಲದಲ್ಲಿ ಧಾನ್ಯ ಹಾಗೂ ಕೆಲವೆಡೆ ಇನಾಂ ಭೂಮಿಯ ಉತ್ಪನ್ನ ಮಠಕ್ಕೆ ಸಲ್ಲುತ್ತಿತ್ತು. ಯಾವ ಭಕ್ತರ ಮನೆಗಳು ಯಾವ ಮಠಕ್ಕೆ ಸೇರಿದವು ಎಂಬುದು ನಿಗದಿಯಾಗಿರುತ್ತಿದ್ದುದರಿಂದ ಒಂದೇ ಊರಿನ ಮಠಗಳನ್ನು ಹೆಸರಿನಿಂದ ಬೇರ್ಪಡಿಸುವುದು ಅಗತ್ಯವಾಗಿತ್ತು. ಹೀಗಾಗಿ ಹಿರೇಮಠ ಎಂಬುದು ಮೊದಲು ಒಂದು ಸಂಸ್ಥೆಯ ಹೆಸರು, ಬಳಿಕ ಆ ಮನೆಯಲ್ಲಿ ವಾಸಿಸುವವರ ಗುರುತು, ಕೊನೆಗೆ ದಾಖಲೆಗಳಲ್ಲಿ ಸ್ಥಿರಗೊಂಡ ಅಡ್ಡಹೆಸರು.

ಅಡ್ಡಹೆಸರಾಗಿ ಸ್ಥಿರಗೊಂಡ ಬಗೆ

ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಕನ್ನಡ ಪ್ರದೇಶಗಳು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದವು. ಹೆಸರು ಬರೆಯುವ ಕ್ರಮವೂ ಅದಕ್ಕೆ ತಕ್ಕಂತೆ ಬೇರೆಯಾಯಿತು.

ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡ, ಬೆಳಗಾವಿ ಮತ್ತು ವಿಜಯಪುರ ಭಾಗಗಳಲ್ಲಿ ಮರಾಠಿ ಪ್ರದೇಶದ ಕ್ರಮದಂತೆ ವ್ಯಕ್ತಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಅನುಕ್ರಮ ಶಾಲಾ ದಾಖಲೆಗಳಲ್ಲಿ ಹಾಗೂ ಕಂದಾಯ ದಾಖಲೆಗಳಲ್ಲಿ ನೆಲೆಗೊಂಡಿತು. ಅಲ್ಲಿ ಹಿರೇಮಠ ಎಂಬುದು ಹೆಸರಿನ ಕೊನೆಯಲ್ಲಿ ಪೂರ್ಣರೂಪದಲ್ಲಿ ಉಳಿಯಿತು. ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಲಬುರಗಿ, ರಾಯಚೂರು, ಕೊಪ್ಪಳ ಮತ್ತು ಬೀದರ್ ಭಾಗಗಳಲ್ಲಿಯೂ ಅಡ್ಡಹೆಸರು ಕೊನೆಯಲ್ಲಿ ಬರುವುದು ಸಾಮಾನ್ಯ.

ಬಳ್ಳಾರಿ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿತ್ತು. ಅಲ್ಲಿಯೂ ಹಳೆಯ ಮೈಸೂರು ಸಂಸ್ಥಾನದಲ್ಲಿಯೂ ಊರು, ಮನೆತನ ಅಥವಾ ತಂದೆಯ ಹೆಸರಿನ ಮೊದಲ ಅಕ್ಷರಗಳನ್ನು ವ್ಯಕ್ತಿಯ ಹೆಸರಿನ ಹಿಂದೆ ಇಡುವ ಪದ್ಧತಿ ಬೆಳೆಯಿತು. ಹೀಗಾಗಿ ಒಂದೇ ಬಗೆಯ ಮನೆತನ ಧಾರವಾಡದಲ್ಲಿ ಕೊನೆಯ ಹೆಸರಾಗಿ ಎದ್ದು ಕಾಣುತ್ತದೆ, ಬಳ್ಳಾರಿ ಸೀಮೆಯಲ್ಲಿ ಎರಡು ಅಕ್ಷರಗಳಲ್ಲಿ ಅಡಗಿರುತ್ತದೆ.

ವಿಜಯನಗರ ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳಲ್ಲಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಮೇಲೆ ಹೇಳಿದ ಎರಡು ಪದ್ಧತಿಗಳು ಸಂಧಿಸುವ ಸೀಮೆ. ಈ ಪ್ರದೇಶವು 1800ರಲ್ಲಿ ನಿಜಾಮನಿಂದ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಜಿಲ್ಲೆಗಳಲ್ಲಿ ಸೇರಿ ಮದರಾಸು ಆಡಳಿತಕ್ಕೆ ಒಳಪಟ್ಟಿತು. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಪಶ್ಚಿಮಕ್ಕೆ ತುಂಗಭದ್ರೆಯ ಆಚೆ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಿತ್ತು. ಹೊಳೆಯ ಎರಡು ದಡಗಳ ಜಂಗಮ ಮನೆತನಗಳ ಆಚಾರ ಒಂದೇ ಬಗೆಯದಾದರೂ ಕಾಗದದ ಮೇಲಿನ ಹೆಸರು ಬೇರೆಯಾಯಿತು.

ಈ ಸೀಮೆಯಲ್ಲಿ ಹೆಸರಿನ ಹಿಂದಿರುವ 'ಎಚ್.ಎಂ.' ಎಂಬ ಅಕ್ಷರಗಳು ಹಲವು ವೇಳೆ ಹಿರೇಮಠ ಎಂಬುದರ ಸಂಕ್ಷಿಪ್ತ ರೂಪ. ಇಂತಹ ಹೆಸರುಗಳು ಸಾಮಾನ್ಯವಾಗಿ 'ಅಯ್ಯ' ಅಥವಾ 'ಸ್ವಾಮಿ' ಎಂದು ಕೊನೆಗೊಳ್ಳುತ್ತವೆ. ಆದರೆ ಎಲ್ಲ 'ಎಚ್.ಎಂ.'ಗಳೂ ಹಿರೇಮಠವಲ್ಲ, ಊರಿನ ಮತ್ತು ತಂದೆಯ ಹೆಸರಿನ ಮೊದಲ ಅಕ್ಷರಗಳೂ ಅವೇ ಆಗಿರಬಹುದು. ಮಠ ಎಂಬ ಪದ ಅಕ್ಷರಗಳಲ್ಲಿ ಅಡಗಿರುವುದಕ್ಕೆ ಈ ಭಾಗದ ಪರಿಚಿತ ಉದಾಹರಣೆ ಹೂವಿನಹಡಗಲಿಯ ರಾಜಕಾರಣಿ, ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ (1940–2011). ಅವರ ಹೆಸರಿನ ಪೂರ್ಣರೂಪ ಮಠದ ಪಾಟೀಲ ಪ್ರಕಾಶ್. ಇದರಲ್ಲಿ 'ಮಠದ' ಮತ್ತು 'ಪಾಟೀಲ' ಎಂಬ ಎರಡು ಗುರುತುಗಳು ಕೂಡಿವೆ.

ಈ ಸೀಮೆಯಲ್ಲಿ ಮಠಗಳ ಸಂಖ್ಯೆ ಹೆಚ್ಚು. ಐದು ಪೀಠಗಳಲ್ಲಿ ಒಂದಾದ ಉಜ್ಜಯಿನಿ ಸದ್ಧರ್ಮ ಪೀಠವು ಕೊಟ್ಟೂರು ತಾಲ್ಲೂಕಿನ ಉಜ್ಜಿನಿ ಗ್ರಾಮದಲ್ಲಿದೆ. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯಲ್ಲಿ ಕೋಲಶಾಂತೇಶ್ವರ ಮಠವಿದೆ. (ಈ ಅರಸೀಕೆರೆ ಹಾಸನ ಜಿಲ್ಲೆಯ ಅರಸೀಕೆರೆಗಿಂತ ಬೇರೆ.) ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನಿಗೆ ಸಂಬಂಧಿಸಿದ ಹಿರೇಮಠ, ತೊಟ್ಟಿಲುಮಠ, ಗಚ್ಚಿನಮಠ ಮತ್ತು ಮೂರ್ಕಲ್ಲುಮಠಗಳಿವೆ. ಒಂದೇ ಊರಿನಲ್ಲಿ ಹಲವು ಮಠಗಳಿದ್ದಾಗ ಅವುಗಳಲ್ಲಿ ಒಂದಕ್ಕೆ 'ಹಿರೇ' ಎಂಬ ವಿಶೇಷಣ ಸೇರುವ ಬಗೆಯನ್ನು ಕೊಟ್ಟೂರಿನ ಈ ಹೆಸರುಗಳು ಸ್ಪಷ್ಟವಾಗಿ ತೋರಿಸುತ್ತವೆ.

ಈ ಭಾಗದ ಮನೆತನಗಳ ಹಿನ್ನೆಲೆ ಹುಡುಕುವವರು ಆಡಳಿತದ ಬದಲಾವಣೆಗಳನ್ನು ಗಮನದಲ್ಲಿಟ್ಟುಕೊಳ್ಳಬೇಕಾಗುತ್ತದೆ. ಹರಪನಹಳ್ಳಿ ತಾಲ್ಲೂಕು 1997ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದು ಆ ವರ್ಷ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿಗೆ ಸೇರಿ, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಕೊಟ್ಟೂರು ಹಿಂದೆ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಆದ್ದರಿಂದ ಒಂದೇ ಊರಿನ ಒಂದೇ ಮನೆತನದ ಮೂರು ತಲೆಮಾರಿನ ದಾಖಲೆಗಳಲ್ಲಿ ತಾಲ್ಲೂಕು, ಜಿಲ್ಲೆಗಳ ಹೆಸರು ಬೇರೆ ಬೇರೆಯಾಗಿರುವ ಸಾಧ್ಯತೆಯಿದೆ.

ಸಂಬಂಧಿತ ಅಡ್ಡಹೆಸರುಗಳು

'ಮಠ' ಎಂಬ ಪದದಿಂದ ರೂಪುಗೊಂಡ ಅಡ್ಡಹೆಸರುಗಳು ಹಲವು. ಅವುಗಳನ್ನು ಅರ್ಥದ ದೃಷ್ಟಿಯಿಂದ ಹೀಗೆ ವಿಂಗಡಿಸಬಹುದು:

• ಹಿರಿತನ ಅಥವಾ ಕಾಲವನ್ನು ಸೂಚಿಸುವವು: ಹಿರೇಮಠ, ಚಿಕ್ಕಮಠ, ಹೊಸಮಠ.
• ಕಟ್ಟಡದ ಲಕ್ಷಣವನ್ನು ಸೂಚಿಸುವವು: ಕಲ್ಮಠ (ಕಲ್ಲಿನ ಮಠ), ಗಚ್ಚಿನಮಠ (ಗಾರೆಯಿಂದ ಕಟ್ಟಿದ ಮಠ).
• ಕಾರ್ಯವನ್ನು ಸೂಚಿಸುವವು: ಸಾಲಿಮಠ (ಶಾಲೆ ನಡೆಸುತ್ತಿದ್ದ ಮಠ), ಪುರಾಣಿಕಮಠ (ಪುರಾಣ ಹೇಳುವವರ ಮಠ), ಪತ್ರಿಮಠ (ಬಿಲ್ವಪತ್ರೆ ಒದಗಿಸುವವರ ಮಠ).
• ಊರನ್ನು ಸೂಚಿಸುವವು: ಸಂಶಿಮಠ, ವೆಂಕಟಾಪುರಮಠ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಸಂಗೀತಗಾರ ಪುಟ್ಟರಾಜ ಗವಾಯಿಗಳ ಪೂರ್ವಾಶ್ರಮದ ಮನೆತನದ ಹೆಸರು ವೆಂಕಟಾಪುರಮಠ.
• ಪರಂಪರೆ ಅಥವಾ ಅಧಿಕಾರವನ್ನು ಸೂಚಿಸುವವು: ವಿರಕ್ತಮಠ, ಮಠಪತಿ.
• ವಿಶೇಷಣವಿಲ್ಲದವು: ಮಠ, ಮಠದ.

ಆಂಧ್ರಪ್ರದೇಶ ಮತ್ತು ತೆಲಂಗಾಣಗಳ ಜಂಗಮ ಕುಟುಂಬಗಳಲ್ಲಿ 'ಮಠಂ' ಎಂಬ ರೂಪವಿದೆ.

ಗೋತ್ರ ಮತ್ತು ಬಂಧುತ್ವ

ಪಂಚಪೀಠಗಳ ಪರಂಪರೆಯನ್ನು ಅನುಸರಿಸುವ ಜಂಗಮರಲ್ಲಿ ವಿವಾಹ ಸಂಬಂಧವನ್ನು ನಿರ್ಧರಿಸುವುದು ಅಡ್ಡಹೆಸರಲ್ಲ. ವೀರ, ನಂದಿ, ಭೃಂಗಿ, ವೃಷಭ ಮತ್ತು ಸ್ಕಂದ ಎಂಬ ಐದು ಗೋತ್ರಗಳು ಕ್ರಮವಾಗಿ ರಂಭಾಪುರಿ, ಉಜ್ಜಯಿನಿ, ಕೇದಾರ, ಶ್ರೀಶೈಲ ಮತ್ತು ಕಾಶಿ ಪೀಠಗಳೊಂದಿಗೆ ಸಂಬಂಧ ಹೊಂದಿವೆ. ಗೋತ್ರಗಳೊಳಗೆ 'ಬಗಿ' ಎಂಬ ಒಳವಿಭಾಗಗಳಿವೆ. ಒಂದೇ ಗೋತ್ರದವರ ನಡುವೆ ಮದುವೆ ನಿಷಿದ್ಧವೆಂಬುದು ಸಂಪ್ರದಾಯ.

ಇದರ ಪರಿಣಾಮವಾಗಿ ಬೇರೆ ಬೇರೆ ಊರುಗಳ ಎರಡು ಹಿರೇಮಠ ಮನೆತನಗಳು ಬೇರೆ ಗೋತ್ರಗಳಿಗೆ ಸೇರಿದ್ದು ಅವುಗಳ ನಡುವೆ ಬೀಗತನ ಏರ್ಪಡಬಹುದು. ಆಗ ವಧುವಿನ ತವರಿನ ಅಡ್ಡಹೆಸರೂ ಗಂಡನ ಮನೆಯ ಅಡ್ಡಹೆಸರೂ ಒಂದೇ ಆಗಿರುತ್ತದೆ. ವ್ಯತಿರಿಕ್ತವಾಗಿ, ಹಿರೇಮಠ ಮತ್ತು ಸಾಲಿಮಠ ಎಂಬ ಬೇರೆ ಅಡ್ಡಹೆಸರಿನ ಮನೆತನಗಳು ಒಂದೇ ಗೋತ್ರದವಾಗಿದ್ದರೆ ಪರಸ್ಪರ ಮದುವೆಗೆ ಬಾರವು. ವಂಶಾವಳಿಯನ್ನು ಕೇವಲ ಅಡ್ಡಹೆಸರಿನ ಆಧಾರದಿಂದ ಕಟ್ಟಿದರೆ ಸಂಬಂಧವಿಲ್ಲದವರು ಒಂದೇ ಕುಲವೃಕ್ಷದಲ್ಲಿ ಸೇರಿಹೋಗುತ್ತಾರೆ. ಊರು, ಮಠ, ಗೋತ್ರ ಮತ್ತು ಬಗಿ ಈ ನಾಲ್ಕೂ ಹೊಂದಿದಾಗ ಮಾತ್ರ ಹೆಸರಿನ ಸಾಮ್ಯಕ್ಕೆ ಬೆಲೆ.

ಇದೇ ಎಚ್ಚರಿಕೆ ಜಾತಿಯ ದಾಖಲೆಗಳಿಗೂ ಅನ್ವಯಿಸುತ್ತದೆ. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ 'ಬೇಡ ಜಂಗಮ, ಬುಡ್ಗ ಜಂಗಮ' ಎಂಬ ನಮೂದು ಇದೆ. ಈ ನಮೂದು ಯಾರಿಗೆ ಸಲ್ಲುತ್ತದೆ ಎಂಬುದರ ಕುರಿತು ವೀರಶೈವ ಜಂಗಮರಲ್ಲಿ ಕೆಲವರು ಮತ್ತು ದಲಿತ ಸಂಘಟನೆಗಳ ನಡುವೆ ದೀರ್ಘಕಾಲದಿಂದ ವಿವಾದವಿದೆ. ಹಿರೇಮಠ ಎಂಬ ಅಡ್ಡಹೆಸರು ತಾನೇ ತಾನಾಗಿ ಇಂತಹ ಯಾವ ಹಕ್ಕಿಗೂ ಸಾಕ್ಷ್ಯವಾಗುವುದಿಲ್ಲ.

ಇತರ ಸಮಾಜಗಳೊಂದಿಗೆ ಹೋಲಿಕೆ

ಧಾರ್ಮಿಕ ಸಂಸ್ಥೆಯಿಂದ ಅಡ್ಡಹೆಸರು ಹುಟ್ಟುವುದು ಬೇರೆ ದೇಶಗಳಲ್ಲಿಯೂ ಇದೆ. ಸ್ಕಾಟ್ಲೆಂಡಿನ 'ಮ್ಯಾಕ್‌ನ್ಯಾಬ್' ಎಂಬ ಅಡ್ಡಹೆಸರಿಗೆ ಗೇಲಿಕ್ ಭಾಷೆಯಲ್ಲಿ 'ಮಠಾಧಿಪತಿಯ ಮಗ' ಎಂಬ ಅರ್ಥವಿದೆ. 'ಮ್ಯಾಕ್‌ಟ್ಯಾಗರ್ಟ್' ಎಂದರೆ 'ಪಾದ್ರಿಯ ಮಗ'. ಮ್ಯಾಕ್‌ನ್ಯಾಬ್ ಕುಲದವರು ಗ್ಲೆನ್‌ಡೊಕಾರ್ಟ್ ಕಣಿವೆಯ ಮಠಾಧಿಪತಿಗಳ ವಂಶದವರೆಂಬುದು ಅಲ್ಲಿನ ಪರಂಪರೆ. ಅಲ್ಲಿ ಹೆಸರು ಒಂದು ಕುಲವನ್ನೂ ಅದರ ಮುಖ್ಯಸ್ಥನನ್ನೂ ಸೂಚಿಸುತ್ತದೆ. ಹಿರೇಮಠ ಎಂಬ ಹೆಸರು ಮನುಷ್ಯನ ಬದಲು ಕಟ್ಟಡವನ್ನು ಹೆಸರಿಸುತ್ತದೆ. ಅದರ ಹಿಂದೆ ಸಮಾನ ಮೂಲಪುರುಷನ ಕಲ್ಪನೆಯಿಲ್ಲ.

ಇಂದಿನ ಹರಡುವಿಕೆ

ಧಾರವಾಡ, ಗದಗ, ಹಾವೇರಿ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕೊಪ್ಪಳ, ರಾಯಚೂರು, ಯಾದಗಿರಿ, ಕಲಬುರಗಿ ಮತ್ತು ಬೀದರ್ ಜಿಲ್ಲೆಗಳಲ್ಲಿ ಈ ಅಡ್ಡಹೆಸರು ವ್ಯಾಪಕವಾಗಿದೆ. ಬಳ್ಳಾರಿ, ವಿಜಯನಗರ ಮತ್ತು ದಾವಣಗೆರೆ ಜಿಲ್ಲೆಗಳಲ್ಲಿ ಪೂರ್ಣರೂಪ ಮತ್ತು ಅಕ್ಷರರೂಪ ಎರಡೂ ಇವೆ. ಮಹಾರಾಷ್ಟ್ರದ ಸೊಲ್ಲಾಪುರ, ಸಾಂಗಲಿ ಮತ್ತು ಕೊಲ್ಹಾಪುರ ಜಿಲ್ಲೆಗಳಲ್ಲಿಯೂ ಈ ಹೆಸರಿನ ಕುಟುಂಬಗಳಿವೆ. ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ಇದು ವಿರಳ.

20ನೆಯ ಶತಮಾನದ ಉತ್ತರಾರ್ಧದಲ್ಲಿ ಹಳ್ಳಿಯ ಮಠಗಳ ಆರ್ಥಿಕ ನೆಲೆ ಬದಲಾಯಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯಿಂದ ಗೇಣಿಗೆ ಕೊಟ್ಟ ಭೂಮಿ ಉಳುವವರ ಪಾಲಾಯಿತು. ಶಿಕ್ಷಣ ಮತ್ತು ನೌಕರಿಗಾಗಿ ಅನೇಕರು ಹುಬ್ಬಳ್ಳಿ, ಬೆಂಗಳೂರು, ಪುಣೆ, ಮುಂಬಯಿಗಳಿಗೂ ಅಲ್ಲಿಂದ ವಿದೇಶಗಳಿಗೂ ತೆರಳಿದರು. ಪೌರೋಹಿತ್ಯ ಬಿಟ್ಟ ಕುಟುಂಬಗಳಲ್ಲಿಯೂ ಮಠದ ಹೆಸರು ಉಳಿದಿದೆ. ಪಾಸ್‌ಪೋರ್ಟ್ ಮುಂತಾದ ದಾಖಲೆಗಳಲ್ಲಿ ಕೊನೆಯ ಹೆಸರು ಕೇಳುವುದರಿಂದ ಹಿಂದೆ 'ಎಚ್.ಎಂ.' ಎಂದು ಬರೆಯುತ್ತಿದ್ದ ಮನೆಗಳಲ್ಲಿ ಹೊಸ ತಲೆಮಾರಿನವರು ಹಿರೇಮಠ ಎಂದು ಪೂರ್ಣವಾಗಿ ಬರೆಯುವುದೂ ಇದೆ. ಆಗ ಅಜ್ಜ ಮತ್ತು ಮೊಮ್ಮಗನ ಹೆಸರುಗಳು ಕಾಗದದ ಮೇಲೆ ಒಂದೇ ಮನೆತನದವೆಂದು ತೋರುವುದಿಲ್ಲ.

ಕನ್ನಡದಲ್ಲಿ ಹಿರೇಮಠ, ಹಿರೆಮಠ ಮತ್ತು ಹಿರೇಮಠ್ ಎಂಬ ಬರಹರೂಪಗಳಿವೆ. ರೋಮನ್ ಲಿಪಿಯಲ್ಲಿ ಮೂರ್ಧನ್ಯ ಮಹಾಪ್ರಾಣವಾದ ಠಕಾರವನ್ನು ಥಕಾರದಿಂದ ಬೇರ್ಪಡಿಸಿ ಬರೆಯುವ ರೂಢಿಯಿಲ್ಲದ ಕಾರಣ ಕನ್ನಡ ಅರಿಯದವರು ಇದನ್ನು 'ಹಿರೇಮಥ್' ಎಂದೋ 'ಹೈರ್‌ಮ್ಯಾಥ್' ಎಂದೋ ಉಚ್ಚರಿಸುವುದುಂಟು.

ಪ್ರಮುಖ ವ್ಯಕ್ತಿಗಳು

• ಆರ್.ಸಿ. ಹಿರೇಮಠ – ಕನ್ನಡ ವಿದ್ವಾಂಸರು, ವಚನ ಸಾಹಿತ್ಯದ ಸಂಪಾದಕರು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು. 1990ರಲ್ಲಿ ಹುಬ್ಬಳ್ಳಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು.
• ಎಸ್.ಆರ್. ಹಿರೇಮಠ – ಸಾಮಾಜಿಕ ಕಾರ್ಯಕರ್ತರು, ಸಮಾಜ ಪರಿವರ್ತನ ಸಮುದಾಯದ ಸ್ಥಾಪಕರು. ಈ ಸಂಸ್ಥೆ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲಿ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು.