17 ದಿನದ ಮೊಣಕಾಲು

ಮೊಣಕಾಲಿನ ಆಪರೇಷನ್ ಆಗಿ ಮನೆಯಲ್ಲಿ ಕೂತ ಮ್ಯಾರಥಾನ್ ಓಟಗಾರರಿಗೆ ಜೋನ್ ಬೆನಾಯ್ಟ್ ಕಥೆ ಹೇಳಿ ಹುರಿದುಂಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕಥೆಯೇನೋ ನಿಜ. 1984ರ ಏಪ್ರಿಲ್ 25ರಂದು ಅಮೆರಿಕದ ಈ ಓಟಗಾರ್ತಿಯ ಮೊಣಕಾಲಿಗೆ ಆಪರೇಷನ್ ಆಯಿತು. ಮೇ 12ರಂದು, 17 ದಿನ ಕಳೆಯುವಷ್ಟರಲ್ಲಿ, ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿ ಒಲಿಂಪಿಕ್ ಆಯ್ಕೆಯ ಮ್ಯಾರಥಾನನ್ನು 2 ಗಂಟೆ 31 ನಿಮಿಷ 4 ಸೆಕೆಂಡಿನಲ್ಲಿ ಗೆದ್ದರು. ಆಗಸ್ಟ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ಮಹಿಳೆಯರ ಮೊಟ್ಟಮೊದಲ ಒಲಿಂಪಿಕ್ ಮ್ಯಾರಥಾನಿನ ಚಿನ್ನವೂ ಅವರದೇ ಆಯಿತು. ಇದನ್ನು ಹೇಳಿ ಜನ ಕೊನೆಗೆ ಸೇರಿಸುವ ಮಾತೇ ಸುಳ್ಳು: ‘ಪಳಗಿದ ದೇಹ ಬೇಗ ಕೂಡಿಕೊಳ್ಳುತ್ತೆ, ಮನಸ್ಸು ಗಟ್ಟಿ ಇರಬೇಕು ಅಷ್ಟೆ.’

ಬೆನಾಯ್ಟ್ ಮೊಣಕಾಲಿನೊಳಗೆ ವೈದ್ಯರು ಮಾಡಿದ್ದೇನು ಎಂದು ಯಾರೂ ಕೇಳುವುದಿಲ್ಲ. ಆರ್ತ್ರೋಸ್ಕೋಪ್ ಎಂಬ ಸಣ್ಣ ಕ್ಯಾಮೆರಾ ಕೊಳವೆ ತೂರಿಸಿ, ಊದಿಕೊಂಡು ಕೀಲಿನ ಚಲನೆಗೆ ಅಡ್ಡ ಬರುತ್ತಿದ್ದ ಒಂದು ಪೊರೆಯ ಮಡಿಕೆಯನ್ನು ಕತ್ತರಿಸಿ ತೆಗೆದರು. ಅಡ್ಡಿ ಹೋಯಿತು, ಕಾಲು ಸಲೀಸಾಗಿ ಆಡಿತು. ಅಲ್ಲಿ ಏನನ್ನೂ ಹೊಲಿದಿರಲಿಲ್ಲ, ಕಸಿ ಮಾಡಿರಲಿಲ್ಲ. ತಿಂಗಳುಗಟ್ಟಲೆ ಕೂಡಿಕೊಳ್ಳಬೇಕಾದದ್ದು ಏನೂ ಇರಲಿಲ್ಲ. ಅಷ್ಟಿದ್ದೂ ಅವಸರದ ಪೆಟ್ಟು ತಪ್ಪಲಿಲ್ಲ. ಆಪರೇಷನ್ ಆದ ಕಾಲನ್ನು ಕಾಪಾಡಿಕೊಂಡು ಓಡಲು ಹೋಗಿ ಇನ್ನೊಂದು ಕಾಲಿನ ತೊಡೆಯ ಹಿಂಭಾಗದ ಸ್ನಾಯುವಿಗೆ ಏಟಾಯಿತು. ಹುರಿದುಂಬಿಸುವವರ ಕಥೆಯಲ್ಲಿ ಈ ಭಾಗ ಬರುವುದೇ ಇಲ್ಲ.

ಇಂಥ ಆಪರೇಷನ್ ಆದವರ ಚರ್ಮದ ಮೇಲೆ ಕಾಣುವುದು ಎರಡು ಸಣ್ಣ ತೂತು. ಒಳಗಿನ ಕೆಲಸ ಒಬ್ಬೊಬ್ಬರದು ಒಂದೊಂದು. ಮೊಣಕಾಲಿನೊಳಗಿನ ಮೆತ್ತೆಯಾದ ಮೆನಿಸ್ಕಸ್‌ನ ಹರಿದ ಚೂರನ್ನು ತೆಗೆದರೆ ಕೆಲವು ವಾರಗಳಲ್ಲಿ ಮೆಲ್ಲಗೆ ಓಡಲು ಬಿಡುತ್ತಾರೆ. ಅದೇ ಮೆನಿಸ್ಕಸ್ಸನ್ನು ಹೊಲಿದರೆ ಕಾಯುವುದು ತಿಂಗಳುಗಳ ಲೆಕ್ಕ. ಮೊಣಕಾಲನ್ನು ಸ್ಥಿರವಾಗಿಡುವ ಎಸಿಎಲ್ ಎಂಬ ಅಸ್ಥಿರಜ್ಜು ಹರಿದಾಗ ಮಾಡುವ ಕಸಿಯಲ್ಲಂತೂ, ಹಾಕಿದ ಸ್ನಾಯುರಜ್ಜು ಮೊದಮೊದಲು ಇನ್ನಷ್ಟು ದುರ್ಬಲವಾಗುತ್ತದೆ. ಅದರೊಳಗಿನ ಹಳೆಯ ಜೀವಕೋಶಗಳು ಸಾಯುತ್ತವೆ, ಹೊಸ ರಕ್ತನಾಳಗಳು ಹಬ್ಬುತ್ತವೆ, ಆಮೇಲಷ್ಟೇ ನಾರು ಹೊಸದಾಗಿ ಹೆಣೆದುಕೊಳ್ಳುತ್ತದೆ. ನೋವು, ಊತ ಇಳಿದು ‘ಇನ್ನು ಪರವಾಗಿಲ್ಲ’ ಅನ್ನಿಸುವುದು ಈ ದುರ್ಬಲ ಕಾಲದಲ್ಲೇ.

ಪಳಗಿದ ಓಟಗಾರರೇ ಹೆಚ್ಚು ಎಚ್ಚರದಿಂದಿರಬೇಕು. ವರ್ಷಗಟ್ಟಲೆ ಓಡಿ ಅವರು ಬೆಳೆಸಿಕೊಂಡದ್ದು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳುವ ಹೃದಯವನ್ನು, ಆಮ್ಲಜನಕವನ್ನು ಚೆನ್ನಾಗಿ ಬಳಸುವ ಮಾಂಸಖಂಡವನ್ನು. ಇವೆರಡರಿಂದ ಕಸಿಯ ನಾರು ಬೇಗ ಹೆಣೆದುಕೊಳ್ಳುವುದಿಲ್ಲ. ಓಡಿ ಅಭ್ಯಾಸವಿಲ್ಲದವರು ಏದುಸಿರು ಬಂದು ಎರಡು ಕಿಲೋಮೀಟರಿಗೇ ನಿಂತುಬಿಡುತ್ತಾರೆ. ಪಳಗಿದವರಿಗೆ ಆ ತಡೆಯೂ ಇಲ್ಲ. ಫುಟ್‌ಬಾಲ್‌ನಂತಹ ತಿರುಗಿ ಜಿಗಿಯುವ ಆಟಗಳವರ ಎಸಿಎಲ್ ಕಸಿಯ ಬಗ್ಗೆ 2016ರಲ್ಲಿ ಪ್ರಕಟವಾದ ನಾರ್ವೆ ಸಂಶೋಧಕರ ಅಧ್ಯಯನವೊಂದಿದೆ. ಒಂಬತ್ತನೇ ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮೊಣಕಾಲಿಗೆ ಮತ್ತೆ ಪೆಟ್ಟಾಗುವ ಪ್ರಮಾಣ 51%ರಷ್ಟು ಕಡಿಮೆಯಾಗಿತ್ತು. ನೇರ ಓಟಕ್ಕೆ ಅಷ್ಟು ಕಾಯಬೇಕಿಲ್ಲ ನಿಜ, ಆದರೆ ಅದಕ್ಕೂ ತೊಡೆಯ ಬಲವನ್ನು ಇನ್ನೊಂದು ಕಾಲಿನ ಜೊತೆ ಹೋಲಿಸಿ ಅಳೆಯಬೇಕು. ಮನೋಬಲ ಬೇಕಾಗುವುದು ಅಲ್ಲಿಯವರೆಗೆ ದಿನಾ ಬೇಸರದ ವ್ಯಾಯಾಮ ಮಾಡುವುದಕ್ಕೆ.

ಅವಸರಪಡಿಸುವವರಿಗೆ ತದ್ವಿರುದ್ಧವಾಗಿ ‘ಮೂರು ತಿಂಗಳು ಮಂಚ ಇಳಿಯಬೇಡಪ್ಪಾ’ ಎನ್ನುವ ಹಿರಿಯರಿದ್ದಾರೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಮಂದಿ ಆರೋಗ್ಯವಂತ ಯುವಕರನ್ನು ಮೂರು ವಾರ ಮಲಗಿಸಿದಾಗ, ಆಮ್ಲಜನಕ ಬಳಸುವ ಅವರ ಗರಿಷ್ಠ ಸಾಮರ್ಥ್ಯ ಕಾಲು ಭಾಗಕ್ಕಿಂತ ಹೆಚ್ಚು ಕುಸಿದಿತ್ತು. ‘ನಂಜಾಗುತ್ತೆ’ ಎಂದು ಮೊಟ್ಟೆ, ಮೀನು ಬಿಡಿಸುವುದೂ ತಪ್ಪು. ಕೀವಾಗುವುದು ಬ್ಯಾಕ್ಟೀರಿಯಾದಿಂದ, ಗಾಯ ಕೂಡಲು ಪ್ರೊಟೀನ್ ಬೇಕೇ ಬೇಕು. ಬೆನ್ನಿಗೆ ಕೊಟ್ಟ ಅರಿವಳಿಕೆಯ ಇಂಜೆಕ್ಷನ್ನಿನಿಂದ ಜೀವನಪೂರ್ತಿ ಸೊಂಟನೋವು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಇನ್ನು ಊದಿದ ಮೀನಖಂಡಕ್ಕೆ ಎಣ್ಣೆ ಹಾಕಿ ಬಲವಾಗಿ ನೀವುವುದನ್ನು ದಯವಿಟ್ಟು ಮಾಡಬೇಡಿ: ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಅದು ಕಿತ್ತು ಶ್ವಾಸಕೋಶಕ್ಕೆ ಹೋದೀತು, ಪ್ರಾಣಕ್ಕೇ ಕುತ್ತು.

ನಮಗೆ ಗೆದ್ದವರ ಕಥೆ ಸಾಕು. ಅವಸರಪಟ್ಟು ಕಸಿ ಹರಿದುಕೊಂಡು ಎರಡನೇ ಸಲ ಆಪರೇಷನ್ ಟೇಬಲ್ ಹತ್ತಿದವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ, ಅವರ ಫೋಟೋ ಯಾರ ವಾಟ್ಸಾಪಿಗೂ ಬರುವುದಿಲ್ಲ. ಹೀಗಾಗಿ ಒಬ್ಬರ 17 ದಿನ ಎಲ್ಲರ ಕಾಲಿಗೂ ಅಳತೆಯಾಗಿಬಿಟ್ಟಿದೆ. ಓಟಗಾರರನ್ನು ನೋಡಲು ಹೋಗುವವರು ಮೊದಲು ಅವರ ಡಿಸ್ಚಾರ್ಜ್ ಸಮ್ಮರಿ ಕೇಳಿ ಓದಲಿ. ಕತ್ತರಿಸಿ ತೆಗೆದಿದ್ದಾರೋ, ಹೊಲಿದಿದ್ದಾರೋ, ಕಸಿ ಹಾಕಿದ್ದಾರೋ ಅದರಲ್ಲೇ ಬರೆದಿರುತ್ತದೆ.