ಕಪ್ಪು ಬಿಳುಪಿನ ಹದಿನಾಲ್ಕು ಚೌಕಗಳು

ರಾತ್ರಿ ಒಂಬತ್ತಕ್ಕೆ ಕಾರ್ಟೂನ್ ನಿಂತುಬಿಡುತ್ತಿತ್ತು. ಜೆರ್ರಿಯ ಹಿಂದೆ ಬಿದ್ದು ಟಾಮ್ ಓಡುತ್ತಿದ್ದ ಚಾನೆಲ್ಲಿನಲ್ಲೇ ಕೋಟು ಹ್ಯಾಟು ತೊಟ್ಟ ಹಾಲಿವುಡ್ ನಾಯಕರು ಪ್ರತ್ಯಕ್ಷರಾಗುತ್ತಿದ್ದರು. ಯಾರೂ ರಿಮೋಟ್ ಮುಟ್ಟಿರುತ್ತಿರಲಿಲ್ಲ. 1990ರ ದಶಕದಲ್ಲಿ ಕೇಬಲ್ ಎಳೆಸಿಕೊಂಡ ಮನೆಗಳಲ್ಲಿ ಬೆಳೆದವರಿಗೆ ಈ ಬದಲಾವಣೆಯ ಗಳಿಗೆ ಇವತ್ತಿಗೂ ನೆನಪಿದೆ. ಏಕೆಂದರೆ ಬಹಳಷ್ಟು ಮನೆಗಳಲ್ಲಿ ಊಟಕ್ಕೆ ಏಳುವ ಹೊತ್ತನ್ನು ಗೊತ್ತುಮಾಡುತ್ತಿದ್ದುದು ಅದೇ. ಭಾರತದಲ್ಲಿ 1995ರ ಮೇ 1ರಂದು ಶುರುವಾದ ಕಾರ್ಟೂನ್ ನೆಟ್‌ವರ್ಕ್, ಆಗ ಟಿಎನ್‌ಟಿ ಎಂಬ ಸಿನಿಮಾ ಚಾನೆಲ್ಲಿನ ಜತೆ ಒಂದೇ ಜಾಗ ಹಂಚಿಕೊಂಡಿತ್ತು. ಹಗಲೆಲ್ಲ ಮಕ್ಕಳದು, ರಾತ್ರಿ ದೊಡ್ಡವರದು. ದಿನವಿಡೀ ಕಾರ್ಟೂನ್ ನೋಡುವ ಭಾಗ್ಯ ಇಲ್ಲಿನ ಮಕ್ಕಳಿಗೆ ಸಿಕ್ಕಿದ್ದು 2001ರಲ್ಲಿ.

ಅಂದಿನ ಮಕ್ಕಳಿಗೆ ಈಗ ಮೂವತ್ತು, ನಲವತ್ತು. ಟಾಮ್ ಅಂಡ್ ಜೆರ್ರಿಯನ್ನಾಗಲಿ ಸ್ಕೂಬಿ ಡೂವನ್ನಾಗಲಿ ನೋಡಬೇಕೆನಿಸಿದರೆ ಮೊಬೈಲಿನಲ್ಲಿ ಹುಡುಕಿದರೆ ಸಾಕು. ಆದರೂ ಅವರಲ್ಲಿ ಎಷ್ಟೋ ಜನ ಹುಡುಕುವುದು ಬೇರೆಯದನ್ನೇ. ಎರಡು ಕಾರ್ಯಕ್ರಮಗಳ ನಡುವೆ ಬರುತ್ತಿದ್ದ ಹತ್ತು ಸೆಕೆಂಡಿನ ತುಣುಕು, ‘ಮುಂದೆ ಬರಲಿದೆ’ ಎನ್ನುತ್ತಿದ್ದ ದನಿ, ಭಾನುವಾರ ಬೆಳಗಿನ ಕಾರ್ಯಕ್ರಮ ಪಟ್ಟಿ, ಹಳೆಯ ಜಾಹೀರಾತು ಅವರಿಗೆ ಬೇಕು. ಕಾರ್ಟೂನುಗಳಿಗಿಂತ ಹೆಚ್ಚಾಗಿ ಅವರು ಹಂಬಲಿಸುವುದು ಆ ಚಾನೆಲ್ಲಿಗೆ, ಅಂದರೆ ಲಕ್ಷಾಂತರ ಮಕ್ಕಳು ಒಂದೇ ಗಳಿಗೆಯಲ್ಲಿ ಒಂದೇ ಚಿತ್ರದ ಮುಂದೆ ಕೂತಿದ್ದ ಆ ಹೊತ್ತಿಗೆ. ಒಂದು ಮಕ್ಕಳ ಚಾನೆಲ್ಲಿನ ಚರಿತ್ರೆಯನ್ನು ಗಂಭೀರವಾಗಿ ನೋಡಬೇಕಾದ ಕಾರಣವೂ ಇಲ್ಲೇ ಇದೆ.

ಈ ಚಾನೆಲ್ ಹುಟ್ಟಿದ್ದೇ ಹಳೆಯ ಸಾಮಾನಿನಿಂದ. ಅಟ್ಲಾಂಟಾದ ಉದ್ಯಮಿ, ಸಿಎನ್‌ಎನ್ ಸ್ಥಾಪಕ ಟೆಡ್ ಟರ್ನರ್ 1986ರಲ್ಲಿ ಎಂಜಿಎಂ ಸ್ಟುಡಿಯೋವನ್ನು ಭಾರೀ ಸಾಲ ಮಾಡಿ ಕೊಂಡರು. ಕೆಲವೇ ತಿಂಗಳಲ್ಲಿ ಅದರ ಬಹುಭಾಗವನ್ನು ಮಾರಬೇಕಾಗಿ ಬಂತು, ಆದರೆ ಹಳೆಯ ಚಿತ್ರಗಳ ಭಂಡಾರವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ‘ಗಾನ್ ವಿತ್ ದ ವಿಂಡ್’ ಜತೆಗೆ ಟಾಮ್ ಅಂಡ್ ಜೆರ್ರಿ, ಪಪಾಯ್, ವಾರ್ನರ್ ಬ್ರದರ್ಸ್‌ನ ಹಳೆಯ ಕಾರ್ಟೂನುಗಳು ಆ ಭಂಡಾರದಲ್ಲಿದ್ದವು. 1991ರಲ್ಲಿ ಹ್ಯಾನಾ-ಬಾರ್ಬೆರಾ ಸ್ಟುಡಿಯೋ ಕೂಡ ಟರ್ನರ್ ತೆಕ್ಕೆಗೆ ಬಂತು. ಇದಕ್ಕೊಂದು ಹಿನ್ನೆಲೆಯುಂಟು. 1940ರಲ್ಲಿ ಎಂಜಿಎಂನಲ್ಲಿ ಟಾಮ್ ಮತ್ತು ಜೆರ್ರಿಯನ್ನು ಸೃಷ್ಟಿಸಿದವರು ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ. ಆ ಕಿರುಚಿತ್ರಗಳಿಗೆ ಏಳು ಆಸ್ಕರ್ ಬಂದಿದ್ದರೂ 1957ರಲ್ಲಿ ಎಂಜಿಎಂ ತನ್ನ ಕಾರ್ಟೂನ್ ವಿಭಾಗವನ್ನು ಮುಚ್ಚಿತು. ಇಬ್ಬರೂ ಸ್ವಂತ ಸ್ಟುಡಿಯೋ ಕಟ್ಟಿ ಟೆಲಿವಿಷನ್ನಿಗಾಗಿ ಕಡಿಮೆ ಖರ್ಚಿನಲ್ಲಿ ಕಾರ್ಟೂನ್ ಮಾಡುವ ದಾರಿ ಕಂಡುಕೊಂಡರು. ದಿ ಫ್ಲಿಂಟ್‌ಸ್ಟೋನ್ಸ್, ಯೋಗಿ ಬೇರ್, ಸ್ಕೂಬಿ ಡೂ ಎಲ್ಲವೂ ಅಲ್ಲಿಂದಲೇ ಬಂದವು. ಹೀಗೆ ದೂರವಾಗಿದ್ದ ಹಳೆಯ ಮಕ್ಕಳೂ ಹೊಸ ಮಕ್ಕಳೂ ಟರ್ನರ್ ಮನೆಯಲ್ಲಿ ಒಂದಾದರು. ಇಷ್ಟು ದಾಸ್ತಾನು ಕೈಯಲ್ಲಿದ್ದ ಮೇಲೆ ದಿನವಿಡೀ ಕಾರ್ಟೂನನ್ನೇ ತೋರಿಸುವ ಚಾನೆಲ್ ಮಾಡಬಹುದಲ್ಲ ಎಂಬ ಯೋಚನೆ 1992ರ ಅಕ್ಟೋಬರ್ 1ರಂದು ನಿಜವಾಯಿತು.

ಅಂದರೆ ಮೊದಲ ದಿನ ಅಮೆರಿಕದ ಮಕ್ಕಳು ನೋಡಿದ್ದು ತಮ್ಮ ಅಪ್ಪ, ಅಜ್ಜಂದಿರ ಕಾಲದ ಕಾರ್ಟೂನುಗಳನ್ನು.

ಚಾನೆಲ್ಲಿನ ಗುರುತು ಬಲು ಸರಳವಾಗಿತ್ತು. ಇಂಗ್ಲಿಷಿನಲ್ಲಿ ಅದರ ಹೆಸರಿನ ಎರಡು ಪದಗಳಲ್ಲೂ ಏಳೇಳು ಅಕ್ಷರ. ಒಂದರ ಕೆಳಗೊಂದು ಜೋಡಿಸಿ, ಕಪ್ಪು ಬಿಳುಪಿನ ಹದಿನಾಲ್ಕು ಚೌಕಗಳಲ್ಲಿ ಕೂರಿಸಿದರೆ ಚೌಕಾಬಾರದ ಮನೆಯಷ್ಟು ಅಚ್ಚುಕಟ್ಟು. 1997ರ ನಂತರದ ವರ್ಷಗಳಲ್ಲಿ ಈ ಚೌಕಗಳು ಪುಟಿಯುತ್ತ, ಜಾರುತ್ತ ತೆರೆಗೆ ಬರುವಾಗ ಹಿನ್ನೆಲೆಯಲ್ಲಿ ಒಂದು ಸಂಗೀತ ಕೇಳುತ್ತಿತ್ತು. ರೇಮಂಡ್ ಸ್ಕಾಟ್ ಎಂಬ ಸಂಗೀತಗಾರ 1937ರಲ್ಲಿ ಮಾಡಿದ ‘ಪವರ್‌ಹೌಸ್’ ಎಂಬ ಕೃತಿಯದು. ಸ್ಕಾಟ್ ಅದನ್ನು ಕಾರ್ಟೂನಿಗಾಗಿ ಬರೆದವರಲ್ಲ. ವಾರ್ನರ್ ಸ್ಟುಡಿಯೋದ ಸಂಗೀತ ನಿರ್ದೇಶಕ ಕಾರ್ಲ್ ಸ್ಟಾಲಿಂಗ್ ಅದನ್ನು ಎತ್ತಿಕೊಂಡು, ಬಗ್ಸ್ ಬನ್ನಿ, ಡ್ಯಾಫಿ ಡಕ್‌ಗಳ ಚಿತ್ರಗಳಲ್ಲಿ ಯಂತ್ರ ತಿರುಗುವ ದೃಶ್ಯ ಬಂದಾಗೆಲ್ಲ ಬಳಸಿದರು. ಅರವತ್ತು ವರ್ಷಗಳ ಮೇಲೆ ಅದೇ ಲಯ ಒಂದು ಚಾನೆಲ್ಲಿನ ನಾಡಿಯಾಯಿತು. ಇಂದು ಮೂವತ್ತೈದರ ಯಾವುದೇ ಅಮೆರಿಕನ್ನನಿಗೆ ಅದನ್ನು ಕೇಳಿಸಿದರೆ ಸ್ಕಾಟ್ ಹೆಸರು ಹೊಳೆಯಲಿಕ್ಕಿಲ್ಲ, ಶಾಲೆಯಿಂದ ಬಂದು ಬ್ಯಾಗ್ ಎಸೆದು ಕೂತ ಮಧ್ಯಾಹ್ನ ಮಾತ್ರ ಕಣ್ಣಿಗೆ ಕಟ್ಟುತ್ತದೆ.

ಹಳೆಯದನ್ನೇ ಉರುಳಿಸುತ್ತಿದ್ದರೆ ಎಷ್ಟು ದಿನ ನಡೆದೀತು? 1995ರಲ್ಲಿ ಹ್ಯಾನಾ-ಬಾರ್ಬೆರಾದ ಅಂದಿನ ಮುಖ್ಯಸ್ಥ ಫ್ರೆಡ್ ಸೈಬರ್ಟ್ ಒಂದು ಧೈರ್ಯದ ಪ್ರಯೋಗಕ್ಕಿಳಿದರು. ದೊಡ್ಡ ಧಾರಾವಾಹಿಗಳ ಮೇಲೆ ಹಣ ಸುರಿಯುವ ಬದಲು, ಏಳು ನಿಮಿಷದ ಆಸುಪಾಸಿನ 48 ಕಿರುಚಿತ್ರಗಳನ್ನು ಬೇರೆ ಬೇರೆ ಕಲಾವಿದರಿಂದ ಮಾಡಿಸುವುದು, ಜನ ಮೆಚ್ಚಿದ್ದನ್ನು ಬೆಳೆಸುವುದು. ‘ವಾಟ್ ಎ ಕಾರ್ಟೂನ್!’ ಎಂಬ ಈ ಸರಣಿಯಿಂದ ‘ಡೆಕ್ಸ್‌ಟರ್ಸ್ ಲ್ಯಾಬೊರೇಟರಿ’, ‘ಜಾನಿ ಬ್ರಾವೊ’, ‘ಕೌ ಅಂಡ್ ಚಿಕನ್’, ‘ದಿ ಪವರ್‌ಪಫ್ ಗರ್ಲ್ಸ್’, ‘ಕರೇಜ್ ದ ಕವರ್ಡ್ಲಿ ಡಾಗ್’ ಹೊರಬಂದವು. ಡೆಕ್ಸ್‌ಟರ್‌ನನ್ನು ಸೃಷ್ಟಿಸಿದ ಗೆಂಡಿ ಟಾರ್ಟಕೋವ್‌ಸ್ಕಿ ಮಾಸ್ಕೋದಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ಅವರ ಸಹಪಾಠಿ ಕ್ರೇಗ್ ಮೆಕ್ರ್ಯಾಕನ್ ಪವರ್‌ಪಫ್ ಹುಡುಗಿಯರನ್ನು ರೂಪಿಸಿದರು. ಇಬ್ಬರೂ ವಿದ್ಯಾರ್ಥಿಗಳಾಗಿದ್ದಾಗ ಗೀಚಿದ ಕಲ್ಪನೆಗಳಿವು. ಇಪ್ಪತ್ತರ ಹರೆಯದವರ ಕೈಗೆ ಇಷ್ಟು ಸ್ವಾತಂತ್ರ್ಯ ಕೊಟ್ಟದ್ದೇ ಆ ಕಾಲದ ಕಾರ್ಯಕ್ರಮಗಳ ತಾಜಾತನದ ಗುಟ್ಟು. ಕರೇಜ್ ಎಂಬ ಗುಲಾಬಿ ಬಣ್ಣದ ಪುಕ್ಕಲು ನಾಯಿಯ ಕಥೆಗಳು ಎಷ್ಟೋ ಮಕ್ಕಳನ್ನು ನಿಜಕ್ಕೂ ಹೆದರಿಸಿದ್ದವು. ಮಕ್ಕಳಿಗೆ ಭಯವನ್ನೂ ಒಂಟಿತನವನ್ನೂ ತೋರಿಸಬಹುದು ಎಂಬ ನಂಬಿಕೆ ಅವುಗಳ ಹಿಂದಿತ್ತು.

2004ರ ಜೂನ್‌ನಲ್ಲಿ ಚೌಕಗಳ ಗುರುತು ಹೋಗಿ ಎರಡೇ ಅಕ್ಷರಗಳ ಹೊಸ ಗುರುತು ಬಂತು. ಅದರ ಜತೆ ಬಂದದ್ದು ಒಂದು ನಗರ. ಆಸ್ಟ್ರೇಲಿಯಾದ ಆನಿಮಲ್ ಲಾಜಿಕ್ ಸ್ಟುಡಿಯೋ ಕಂಪ್ಯೂಟರಿನಲ್ಲಿ ಕಟ್ಟಿದ ಆ ಊರಿನಲ್ಲಿ ಬೀದಿ, ಅಂಗಡಿ, ಬಸ್ಸು, ಉದ್ಯಾನಗಳಿದ್ದವು, ಬೇರೆ ಬೇರೆ ಕಾರ್ಯಕ್ರಮಗಳ ಪಾತ್ರಗಳು ಅಲ್ಲಿ ನೆರೆಹೊರೆಯವರಾಗಿ ಬದುಕುತ್ತಿದ್ದವು. ಹಿನ್ನೆಲೆ ಮೂರು ಆಯಾಮದ್ದು, ಪಾತ್ರಗಳು ಮಾತ್ರ ಕಾಗದದ ಮೇಲೆ ಬರೆದಂತೆ ಚಪ್ಪಟೆ. ಈ ತುಣುಕುಗಳಿಗೆ ಕಥೆಯೇ ಇರಲಿಲ್ಲ. ಒಂದು ಕಾರ್ಟೂನಿನ ಖಳ ಇನ್ನೊಂದರ ನಾಯಕನ ಪಕ್ಕ ಸುಮ್ಮನೆ ಹಾದುಹೋಗುತ್ತಿದ್ದ, ಅಷ್ಟೆ. ಮಗುವಿನ ಮನಸ್ಸಿಗೆ ಅದು ಎಂಥ ಕೊಡುಗೆ! ತಾನು ಟಿವಿ ಆರಿಸಿದ ಮೇಲೂ ಇವರೆಲ್ಲ ಎಲ್ಲೋ ಒಂದೆಡೆ ಒಟ್ಟಿಗೆ ಇದ್ದಾರೆ ಎಂಬ ಭಾವ ಅದು. ಕೆಲವೇ ವರ್ಷ ಇದ್ದ ಈ ನಗರವನ್ನು ಅಂದಿನ ವೀಕ್ಷಕರು ಯಾವ ಧಾರಾವಾಹಿಗೂ ಕಡಿಮೆಯಿಲ್ಲದಂತೆ ಪ್ರೀತಿಸುತ್ತಾರೆ. ವಿಎಚ್‌ಎಸ್ ಟೇಪುಗಳಲ್ಲಿ ಉಳಿದಿದ್ದ ತುಣುಕುಗಳನ್ನು ಒಂದೊಂದಾಗಿ ಹೆಕ್ಕಿ ಜೋಡಿಸಿದ ಅಭಿಮಾನಿಗಳಿದ್ದಾರೆ. ಬಾಲ್ಯದಲ್ಲಿ ತಮಗಿಷ್ಟದ ಕಾರ್ಯಕ್ರಮಕ್ಕಾಗಿ ಟೇಪ್ ಓಡಿಸಿದ್ದರು, ನಡುವಿನ ತುಣುಕುಗಳು ತಾವಾಗಿ ಅಚ್ಚಾಗಿದ್ದವು. ಈಗ ಬೆಲೆ ಬಂದಿರುವುದು ಅವಕ್ಕೆ.

ಹಂಬಲ ಚಾನೆಲ್ಲಿನ ನಿರ್ಧಾರವನ್ನೇ ಬದಲಿಸಿದ ಪ್ರಸಂಗವೂ ಇದೆ. 1997ರ ಮಾರ್ಚ್‌ನಲ್ಲಿ ಶುರುವಾದ ‘ಟೂನಾಮಿ’ ಎಂಬ ವಿಭಾಗ ಜಪಾನಿನ ‘ಡ್ರ್ಯಾಗನ್ ಬಾಲ್ ಝಡ್’, ‘ಸೈಲರ್ ಮೂನ್’ ಮುಂತಾದವನ್ನು ಅಮೆರಿಕದ ಮನೆಮನೆಗೆ ಮುಟ್ಟಿಸಿತ್ತು. ಬಾಹ್ಯಾಕಾಶ ನೌಕೆಯಲ್ಲಿ ಕೂತ ಟಾಮ್ ಎಂಬ ರೋಬಾಟ್ ಅದರ ನಿರೂಪಕ. 2008ರಲ್ಲಿ ಅದನ್ನು ನಿಲ್ಲಿಸಲಾಯಿತು. 2012ರ ಏಪ್ರಿಲ್ 1ರ ನಡುರಾತ್ರಿ, ಅದೇ ತರಂಗದಲ್ಲಿ ದೊಡ್ಡವರಿಗಾಗಿ ನಡೆಯುವ ‘ಅಡಲ್ಟ್ ಸ್ವಿಮ್’ನಲ್ಲಿ, ಯಾವ ಸೂಚನೆಯೂ ಇಲ್ಲದೆ ಟಾಮ್ ಮತ್ತೆ ಕಾಣಿಸಿಕೊಂಡ. ಏಪ್ರಿಲ್ ಫೂಲ್ ದಿನದ ಆಟವಾಗಿ ಒಂದು ರಾತ್ರಿಯ ಮಟ್ಟಿಗೆ ಮಾಡಿದ್ದದು. ಆದರೆ ಇಪ್ಪತ್ತೈದು ದಾಟಿದ್ದ ಹಳೆಯ ಮಕ್ಕಳು ಆ ರಾತ್ರಿ ಮಲಗಲಿಲ್ಲ. ಅದು ಮರಳಿ ಬೇಕೆಂಬ ಬೇಡಿಕೆ ಟ್ವಿಟರಿನ ತುಂಬ ಹರಡಿತು. ಮೇ 26ರಂದು ಟೂನಾಮಿ ನಿಜವಾಗಿ ವಾಪಸಾಯಿತು, ಹೊಸ ತಲೆಮಾರಿಗಲ್ಲ, ಅದೇ ಹಳಬರಿಗೆ, ಶನಿವಾರ ತಡರಾತ್ರಿ. ಟಾರ್ಟಕೋವ್‌ಸ್ಕಿಯ ‘ಸಮುರಾಯ್ ಜ್ಯಾಕ್’ ಕೂಡ ಹೀಗೆಯೇ. 2004ರಲ್ಲಿ ಕೊನೆಯಿಲ್ಲದೆ ನಿಂತಿದ್ದ ಅದರ ಕಥೆಗೆ 2017ರಲ್ಲಿ ಹತ್ತು ಕಂತುಗಳ ಮುಕ್ತಾಯ ಸಿಕ್ಕಿತು. ಅಷ್ಟರಲ್ಲಿ ಖಳನಾಯಕ ಆಕುವಿಗೆ ದನಿಯಾಗಿದ್ದ ಮಾಕೊ ತೀರಿಕೊಂಡಿದ್ದರು.

ಭಾರತದಲ್ಲಿ ಇದೇ ಚಾನೆಲ್ಲಿನ ನೆನಪಿಗೆ ಬಣ್ಣ ಬೇರೆ. ಅಮೆರಿಕದಲ್ಲಿ 1995ಕ್ಕೇ ನಿಂತುಹೋಗಿದ್ದ ‘ಸ್ವ್ಯಾಟ್ ಕ್ಯಾಟ್ಸ್’ ಇಲ್ಲಿ ಮತ್ತೆ ಮತ್ತೆ ಪ್ರಸಾರವಾಗಿ, ಅಲ್ಲಿಗಿಂತ ಗಾಢವಾದ ಅಭಿಮಾನ ಗಳಿಸಿತು. ಯುದ್ಧವಿಮಾನ ಹಾರಿಸುವ ಆ ಎರಡು ಬೆಕ್ಕುಗಳ ಹೆಸರು ಇಲ್ಲಿನ ಒಂದು ತಲೆಮಾರಿಗೆ ಬಾಯಿಪಾಠ. ತಿರುವನಂತಪುರದ ಟೂನ್ಜ್ ಸಂಸ್ಥೆ ಮಾಡಿದ ತೆನಾಲಿ ರಾಮನ ಸಾಹಸಗಳು ಇದೇ ಚಾನೆಲ್ಲಿನಲ್ಲಿ ಬಂದವು. ವಿಜಯನಗರದ ಆಸ್ಥಾನ, ಕೃಷ್ಣದೇವರಾಯ, ವಿಕಟಕವಿಯ ಜಾಣತನ, ಹಂಪಿಗೆ ಶಾಲಾ ಪ್ರವಾಸ ಹೋದ ಮಕ್ಕಳಿಗೆ ಇವೆಲ್ಲ ತಮ್ಮದೇ ಊರಿನ ಕಥೆ. ಆದರೆ ಟಿವಿಯಲ್ಲಿ ಅವು ಕೇಳಿಸಿದ್ದು ಬೇರೆ ಭಾಷೆಯಲ್ಲಿ. ಇಂಗ್ಲಿಷಿನಲ್ಲಿ ಶುರುವಾದ ಚಾನೆಲ್ ಹಿಂದಿ, ತಮಿಳು, ತೆಲುಗುಗಳಲ್ಲಿ ಮಾತಾಡತೊಡಗಿದಾಗ ಕನ್ನಡಕ್ಕೆ ಜಾಗ ಸಿಗಲಿಲ್ಲ. ಟಾಮ್ ಅಂಡ್ ಜೆರ್ರಿ ಕರ್ನಾಟಕದ ಮನೆಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿದ್ದಕ್ಕೆ ಅದರಲ್ಲಿ ಮಾತು ತೀರಾ ಕಡಿಮೆಯಿರುವುದೂ ಒಂದು ಕಾರಣ. ಅದರ ಸಂಗೀತ ನಿರ್ದೇಶಕ ಸ್ಕಾಟ್ ಬ್ರ್ಯಾಡ್ಲಿಯ ವಾದ್ಯವೃಂದವೇ ಅಲ್ಲಿ ಬೈಯುತ್ತದೆ, ನಗುತ್ತದೆ, ಅಳುತ್ತದೆ.

ಜಪಾನಿನ ಯುಗೊ ಸಾಕೊ ಮತ್ತು ಭಾರತದ ರಾಮ್ ಮೋಹನ್ ಸೇರಿ ಮಾಡಿದ ‘ರಾಮಾಯಣ: ದಿ ಲೆಜೆಂಡ್ ಆಫ್ ಪ್ರಿನ್ಸ್ ರಾಮ’ 1990ರ ದಶಕದ ಆರಂಭದ ಚಿತ್ರ. ಅದನ್ನು ಇಲ್ಲಿನ ಮಕ್ಕಳಿಗೆ ಪರಿಚಯಿಸಿದ್ದು ಚಿತ್ರಮಂದಿರವಲ್ಲ, ಕಾರ್ಟೂನ್ ನೆಟ್‌ವರ್ಕ್. 2025ರ ಜನವರಿಯಲ್ಲಿ ಅದು ದೊಡ್ಡ ತೆರೆಗೆ ಬಂದಾಗ, ಟಿವಿಯಲ್ಲಿ ನೋಡಿ ಬೆಳೆದವರು ತಮ್ಮ ಮಕ್ಕಳ ಕೈಹಿಡಿದು ಹೋಗುವ ಕಾಲವಾಗಿತ್ತು. ಆಗ ಇಂಗ್ಲಿಷ್, ಹಿಂದಿ, ತಮಿಳು, ತೆಲುಗು ಅವತರಣಿಕೆಗಳಿದ್ದವು.

ಇತ್ತ ತವರಾದ ಅಮೆರಿಕದಲ್ಲಿ ಚಾನೆಲ್ಲಿನ ಮನೆ ಸ್ವಲ್ಪಸ್ವಲ್ಪವಾಗಿ ಖಾಲಿಯಾಗುತ್ತಿದೆ. 2022ರಲ್ಲಿ, ಅಷ್ಟರಲ್ಲಿ ಚಾನೆಲ್ಲಿನ ಒಡೆತನ ಹೊಂದಿದ್ದ ವಾರ್ನರ್ ಮತ್ತು ಡಿಸ್ಕವರಿ ಕಂಪನಿಗಳು ಒಂದಾದ ಮೇಲೆ ವೆಚ್ಚ ಕಡಿತ ಶುರುವಾಯಿತು. ಆ ಆಗಸ್ಟ್‌ನಲ್ಲಿ ‘ಇನ್ಫಿನಿಟಿ ಟ್ರೇನ್’ನಂಥ ಮೆಚ್ಚುಗೆ ಪಡೆದ ಸರಣಿಗಳನ್ನು ಕಂಪನಿ ತನ್ನದೇ ಸ್ಟ್ರೀಮಿಂಗ್ ತಾಣದಿಂದ ಕಿತ್ತುಹಾಕಿತು. ವರ್ಷಗಟ್ಟಲೆ ದುಡಿದು ಮಾಡಿದವರಿಗೆ ತಮ್ಮ ಕೆಲಸವನ್ನು ಇನ್ನೊಬ್ಬರಿಗೆ ತೋರಿಸಲೂ ದಾರಿಯಿಲ್ಲದಂತಾಯಿತು. ಬರ್‌ಬ್ಯಾಂಕಿನಲ್ಲಿ 2000ದಿಂದ ನಡೆಯುತ್ತಿದ್ದ ಕಾರ್ಟೂನ್ ನೆಟ್‌ವರ್ಕ್ ಸ್ಟುಡಿಯೋದ ಕಟ್ಟಡ 2023ರಲ್ಲಿ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ಅಧಿಕೃತ ಜಾಲತಾಣವೂ ನಿಂತು, ಅಲ್ಲಿದ್ದ ಆಟ, ವಿಡಿಯೋಗಳು ಮಾಯವಾದವು. ಇದೇ ಹೊತ್ತಿನಲ್ಲಿ ಕಂಪನಿ 2023ರ ಆಗಸ್ಟ್‌ನಿಂದ ಅಡಲ್ಟ್ ಸ್ವಿಮ್‌ನಲ್ಲಿ ಡೆಕ್ಸ್‌ಟರ್, ಜಾನಿ ಬ್ರಾವೊ ಮುಂತಾದ ಹಳೆಯ ಕಾರ್ಟೂನುಗಳಿಗೆ ಸಂಜೆಯ ಜಾಗ ಕೊಟ್ಟಿತು. ನೆನಪಿಗೆ ಮಾರುಕಟ್ಟೆಯಿದೆ ಎಂದು ಕಂಪನಿಗೆ ಗೊತ್ತು. ನೆನಪಿಗೊಂದು ದಾಖಲೆಯೂ ಬೇಕು ಎಂಬ ಕಾಳಜಿ ಮಾತ್ರ ಅಭಿಮಾನಿಗಳಲ್ಲೇ ಹೆಚ್ಚು ಕಾಣುತ್ತದೆ. ಹಳೆಯ ಟೇಪುಗಳನ್ನು ಡಿಜಿಟಲ್ ಮಾಡಿ, ದಿನಾಂಕ ಗುರುತಿಸಿ, ಯಾವ ತುಣುಕು ಯಾವ ವರ್ಷದ್ದೆಂದು ಪಟ್ಟಿ ಮಾಡುತ್ತಿರುವವರು ಅವರೇ.

ಕನ್ನಡದ ಮಕ್ಕಳಿಗೆ ತಮ್ಮದೇ ಚಾನೆಲ್ ಸಿಕ್ಕಿದ್ದು 2009ರಲ್ಲಿ, ಸನ್ ಸಮೂಹದ ಚಿಂಟು ಟಿವಿಯ ಮೂಲಕ. ಸಿನಿಮಾ, ಧಾರಾವಾಹಿಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ 1960ರ ದಶಕದಿಂದಲೂ ಚಿತ್ರೋದ್ಯಮದ ಬಲವಾದ ವಿರೋಧವಿದ್ದ ನಾಡಿದು. ಆ ಅಘೋಷಿತ ನಿಷೇಧ ಸರಿಯಲ್ಲವೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅದಕ್ಕೂ ಆರು ವರ್ಷ ಮೊದಲೇ ಪರದೇಶದ ಕಾರ್ಟೂನ್ ಪಾತ್ರಗಳು ಚಿಂಟು ಟಿವಿಯಲ್ಲಿ ಕನ್ನಡ ಮಾತಾಡಿದವು. ಅದನ್ನು ನೋಡಿದ ಮೊದಲ ಮಕ್ಕಳಿಗೆ ಈಗ ಇಪ್ಪತ್ತರ ಪ್ರಾಯ. ಅವರ ಮನೆಗಳಲ್ಲಿ ವಿಎಚ್‌ಎಸ್ ಟೇಪು ಇರಲಿಲ್ಲ, ಡಿಟಿಎಚ್ ಪೆಟ್ಟಿಗೆಯಲ್ಲಿ ಬಂದದ್ದು ಬಂದು ಹೋಯಿತು. ಆ ಪಾತ್ರಗಳಿಗೆ ದನಿ ಕೊಟ್ಟ ಕಲಾವಿದರು, ಸಾಲುಗಳನ್ನು ಕನ್ನಡಕ್ಕೆ ಹೊಂದಿಸಿದ ಬರಹಗಾರರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಅವರ ಅನುಭವವನ್ನು ಕೇಳಿ ಬರೆದಿಟ್ಟುಕೊಳ್ಳಲು ಇದು ತಕ್ಕ ಸಮಯ. ಆ ಕೆಲಸ ಮಾಡಬೇಕಾದವರೂ ಬಹುಶಃ ಅಂದು ಆ ಚಾನೆಲ್ಲಿನ ಮುಂದೆ ಕೂತಿದ್ದ ಮಕ್ಕಳೇ.