ಆಕಾಶದಿಂದ ಜಿಗಿಯುವ ಮುನ್ನ

ಬಾವಲಿ ಎಂದೊಡನೆ ಕನ್ನಡಿಗರ ಮನಸ್ಸಿಗೆ ಬರುವುದು ಮುಸ್ಸಂಜೆಯಲ್ಲಿ ರೆಕ್ಕೆ ಬಿಚ್ಚುವ ಪ್ರಾಣಿ. ಎರಡು ರಾಜ್ಯಗಳ ಎಲ್ಲೆಯಲ್ಲಿರುವ ನಮ್ಮ ಈ ಪುಟ್ಟ ಊರಿಗೂ ಆ ಪ್ರಾಣಿಗೂ ಯಾವ ನಂಟನ್ನೂ ಕಲ್ಪಿಸಬೇಕಾಗಿಲ್ಲ. ಆದರೂ ಹಾರಬೇಕೆಂಬ ಹಂಬಲ ಕಾಡಿನ ಮರೆಯ ಊರುಗಳನ್ನೂ ಬಿಟ್ಟಿಲ್ಲವೆಂಬುದು ನಿಜ. ಮಾನಂದವಾಡಿಯಿಂದಲೋ ಹೆಗ್ಗಡದೇವನಕೋಟೆಯಿಂದಲೋ ಮೈಸೂರು, ಬೆಂಗಳೂರುಗಳಿಗೆ ಉದ್ಯೋಗ ಅರಸಿ ಹೋದ ಮಕ್ಕಳು ರಜೆಗೆ ಬಂದಾಗ, ವಿಮಾನದಿಂದ ಧುಮುಕಿದ ಚಿತ್ರಗಳನ್ನು ಕೈಯಲ್ಲಿ ಹಿಡಿದು ತೋರಿಸುವ ಕಾಲವಿದು. ಅಜ್ಜಿ ಕಣ್ಣು ಮುಚ್ಚಿಕೊಳ್ಳುತ್ತಾಳೆ, ತಂದೆ ಮುಖ ಗಂಟಿಕ್ಕುತ್ತಾನೆ, ತಮ್ಮನೋ ತಂಗಿಯೋ ತನ್ನ ಸರದಿ ಎಂದು ಬರುವುದೋ ಎಂದು ಕಾಯುತ್ತಾರೆ.

ಮೈಸೂರಿನಲ್ಲಿ ಚಾಮುಂಡಿ ಬೆಟ್ಟದ ಆಸುಪಾಸಿನಲ್ಲಿ ಜಿಗಿತದ ಶಿಬಿರಗಳು ನಡೆದುದುಂಟು. ಹರಿಯಾಣದ ನಾರನೌಲಿನಲ್ಲೂ ಸಾರ್ವಜನಿಕರಿಗೆ ಜಿಗಿಯುವ ಅವಕಾಶ ದೊರೆತಿದೆ. ವಿದೇಶಗಳಲ್ಲಿ ನೆಲೆಸಿದ ನಮ್ಮವರಿಗಂತೂ ಇದು ಕೈಗೆಟುಕುವ ವಿಹಾರವೇ ಆಗಿದೆ. ಹೀಗಿರುವಲ್ಲಿ ಬೇಡವೆಂದು ಗದರುವುದರಿಂದಾಗಲಿ, ಹೋಗಲೆಂದು ಕಣ್ಣು ಮುಚ್ಚುವುದರಿಂದಾಗಲಿ ಪ್ರಯೋಜನವಿಲ್ಲ. ಈ ವಿದ್ಯೆಯ ಕ್ರಮವೇನು, ಅಪಾಯ ಅಡಗಿರುವುದು ಎಲ್ಲಿ, ಹೊಸಬರು ಎಷ್ಟರಮಟ್ಟಿಗೆ ಮುಂದುವರಿಯಬಹುದು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಲೇಸು.

ಕೊಡೆಯ ಹಿನ್ನೆಲೆ

1797ರ ಅಕ್ಟೋಬರ್ 22ರಂದು ಪ್ಯಾರಿಸ್ ನಗರದ ಮೇಲೆ ಬಲೂನಿನಿಂದ ಬೇರ್ಪಟ್ಟು, ಬಟ್ಟೆಯ ಕೊಡೆಯೊಂದರ ಆಸರೆಯಲ್ಲಿ ಕೆಳಗಿಳಿದ ಆಂದ್ರೆ ಗಾರ್ನರಿನ್ ಎಂಬಾತನಿಂದ ಈ ಕಥೆ ಆರಂಭವಾಗುತ್ತದೆ ಎನ್ನಬಹುದು. ಅವನ ಕೊಡೆ ಗಾಳಿಯಲ್ಲಿ ತೂಗುಯ್ಯಾಲೆಯಂತೆ ಹೊಯ್ದಾಡಿತು. ಆದರೂ ಆತ ಜೀವಸಹಿತ ನೆಲ ಮುಟ್ಟಿದ.

ನಮ್ಮ ದೇಶದಲ್ಲಿ ಸೇನೆಯ ಜಿಗಿತ ಮೊದಲಾದದ್ದು 1941ರ ಅಕ್ಟೋಬರ್‌ನಲ್ಲಿ, ದೆಹಲಿಯ ವಿಲಿಂಗ್‌ಡನ್ ವಿಮಾನ ನಿಲ್ದಾಣದಲ್ಲಿ. ಆಗ ಜಿಗಿದ ಮೊದಲ ಭಾರತೀಯರಲ್ಲಿ ವೈದ್ಯರಾಗಿದ್ದ ಎ. ಜಿ. ರಂಗರಾಜ್ ಒಬ್ಬರು. ಮುಂದೆ ಕೊರಿಯಾ ಯುದ್ಧದಲ್ಲಿ ಗಾಯಾಳುಗಳ ಶುಶ್ರೂಷೆಗೆ ಹೋದ ಭಾರತೀಯ ವೈದ್ಯದಳದ ನಾಯಕರೂ ಅವರೇ. 1971ರ ಡಿಸೆಂಬರ್ 11ರಂದು ಬಾಂಗ್ಲಾದ ತಂಗೈಲ್‌ನಲ್ಲಿ ನಮ್ಮ ಯೋಧರು ಆಕಾಶದಿಂದಿಳಿದ ಸಾಹಸವನ್ನು ಹಿರಿಯರು ಮರೆತಿರಲಾರರು. ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇಂದು ಬೆಂಗಳೂರಿನಲ್ಲಿದೆ. ಜಿಗಿತದ ವಿದ್ಯೆಯನ್ನು ಕಲಿಸುವ ವಾಯುಪಡೆಯ ಶಾಲೆ ಆಗ್ರಾದಲ್ಲಿದೆ. 1987ರಲ್ಲಿ ರೂಪುಗೊಂಡ ವಾಯುಪಡೆಯ 'ಆಕಾಶಗಂಗಾ' ತಂಡದವರ ಜಿಗಿತವನ್ನು ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ನೋಡಿದವರು ನಮ್ಮಲ್ಲೂ ಇರಬಹುದು.

ಮಹಿಳೆಯರೇನೂ ಹಿಂದುಳಿದಿಲ್ಲ. ರೈಲ್ವೆಯಲ್ಲಿ ಉದ್ಯೋಗಿಯಾಗಿದ್ದ ರೇಚಲ್ ಥಾಮಸ್ 1979ರಲ್ಲಿ ಆಗ್ರಾದಲ್ಲಿ ಮೊದಲ ಬಾರಿಗೆ ಜಿಗಿದರು. 2002ರಲ್ಲಿ ಉತ್ತರ ಧ್ರುವದ ಮೇಲೆ ಇಳಿದರು. 2005ರಲ್ಲಿ ಪದ್ಮಶ್ರೀ ಪಡೆದರು. ಮೊದಲ ಜಿಗಿತಕ್ಕೂ ಧ್ರುವದ ಜಿಗಿತಕ್ಕೂ ನಡುವೆ ಇಪ್ಪತ್ತಮೂರು ವರ್ಷಗಳ, ನೂರಾರು ಜಿಗಿತಗಳ ಅಂತರವಿತ್ತೆಂಬುದನ್ನು ಗಮನಿಸಬೇಕು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ತಮ್ಮ ಮೊತ್ತಮೊದಲ ಜಿಗಿತವನ್ನೇ ಉತ್ತರ ಧ್ರುವದಲ್ಲಿ ಮಾಡಿ ಜಗತ್ತನ್ನು ಬೆರಗುಗೊಳಿಸಿದರು. ಆದರೆ ಅಪವಾದವು ನಿಯಮವಾಗದು. ಅಸಾಧಾರಣರೊಬ್ಬರು ದಾಟಿದ ಹೊಳೆಯನ್ನು ಆಳ ನೋಡದೆ ದಾಟಲು ಎಲ್ಲರೂ ಹೊರಡುವುದು ವಿವೇಕವಲ್ಲ.

ಮೆಟ್ಟಿಲು ಮೆಟ್ಟಿಲಾಗಿ

ಇಂದು ಹೊಸಬರು ಈ ವಿದ್ಯೆಯನ್ನು ಪ್ರವೇಶಿಸುವ ಬಾಗಿಲುಗಳು ಮುಖ್ಯವಾಗಿ ಮೂರು. ಮೊದಲನೆಯದು ಜೋಡಿ ಜಿಗಿತ, ಎಂದರೆ ಟ್ಯಾಂಡೆಮ್. ಇಲ್ಲಿ ಕಲಿಯುವವನನ್ನು ಶಿಕ್ಷಕನ ಎದೆಯ ಮುಂಭಾಗಕ್ಕೆ ಪಟ್ಟಿಗಳಿಂದ ಬಿಗಿದಿರುತ್ತಾರೆ. ಕೊಡೆ ಬಿಚ್ಚುವುದು, ದಿಕ್ಕು ತಿರುಗಿಸುವುದು, ನೆಲ ಮುಟ್ಟಿಸುವುದು ಎಲ್ಲವೂ ಶಿಕ್ಷಕನ ಹೊಣೆ. ಬಹುಮಂದಿ ತಂದು ತೋರಿಸುವ ಚಿತ್ರಗಳು ಈ ಬಗೆಯವು. ಇದನ್ನು ಮಾಡಿದವನು ಜಿಗಿತಗಾರನಾದಂತಲ್ಲ. ಬಸ್ಸಿನಲ್ಲಿ ಕುಳಿತು ಮೈಸೂರಿಗೆ ಹೋಗಿಬಂದವನು ಚಾಲಕನಾದಂತಾಗುವುದಿಲ್ಲವಷ್ಟೆ.

ಎರಡನೆಯದು ಸೇನೆಯ ಹಳೆಯ ಮಾರ್ಗ. ವಿಮಾನಕ್ಕೆ ಕಟ್ಟಿದ ಪಟ್ಟಿಯೊಂದು, ಹಾರಿದೊಡನೆ ಕೊಡೆಯನ್ನು ತಾನೇ ಎಳೆದು ತೆರೆಯುತ್ತದೆ. ಆಗ್ರಾದಲ್ಲಿ ಯೋಧನೊಬ್ಬ ಎದೆಯ ಮೇಲೆ ರೆಕ್ಕೆಯ ಲಾಂಛನ ಧರಿಸಬೇಕಾದರೆ ಇಂಥ ಐದು ಜಿಗಿತಗಳನ್ನು ಪೂರೈಸಬೇಕು. ಅದಕ್ಕೂ ಮೊದಲು ವಾರಗಟ್ಟಲೆ ನೆಲದ ಮೇಲೆಯೇ ಬೀಳುವುದನ್ನೂ ಉರುಳುವುದನ್ನೂ ಅಭ್ಯಾಸ ಮಾಡಬೇಕು.

ಮೂರನೆಯದು ಸ್ವತಂತ್ರ ಪತನದ ತೀವ್ರ ಶಿಕ್ಷಣ. ನೆಲದ ಪಾಠ ಮುಗಿದ ಬಳಿಕ ವಿದ್ಯಾರ್ಥಿ ತನ್ನದೇ ಕೊಡೆ ಹೊತ್ತು ಸುಮಾರು ಹತ್ತು ಹನ್ನೆರಡು ಸಾವಿರ ಅಡಿಗಳಿಂದ ಜಿಗಿಯುತ್ತಾನೆ. ಮೊದಲ ಕೆಲವು ಬಾರಿ ಇಬ್ಬರು ಶಿಕ್ಷಕರು ಅವನನ್ನು ಎಡಬಲಗಳಲ್ಲಿ ಹಿಡಿದಿರುತ್ತಾರೆ, ಆಮೇಲೆ ಒಬ್ಬರು, ಕಡೆಗೆ ಯಾರೂ ಇಲ್ಲ. ಹೊಟ್ಟೆ ಕೆಳಗಾಗಿ, ಬೆನ್ನು ಬಿಲ್ಲಿನಂತೆ ಬಾಗಿಸಿ ಸ್ಥಿರವಾಗಿ ಬೀಳುವುದು, ತಿರುಗುವುದು, ತಪ್ಪಿದ ಸಮತೋಲನವನ್ನು ಮರಳಿ ಪಡೆಯುವುದು, ಹೊತ್ತಿಗೆ ಸರಿಯಾಗಿ ಕೊಡೆ ಬಿಚ್ಚುವುದು ಇವನ್ನು ಒಂದೊಂದಾಗಿ ಸಾಧಿಸಿ ತೋರಿಸಬೇಕು. ಒಂದು ಹಂತದಲ್ಲಿ ಎಡವಿದವನು ಆ ಹಂತವನ್ನೇ ಮತ್ತೆ ಮಾಡಬೇಕು.

ಅಮೆರಿಕದ ಪ್ಯಾರಾಚೂಟ್ ಸಂಘವು ಜಿಗಿತಗಾರರಿಗೆ ನಾಲ್ಕು ದರ್ಜೆಯ ಪರವಾನಗಿಗಳನ್ನು ನೀಡುತ್ತದೆ. ಮೊದಲನೆಯದಕ್ಕೆ ಕನಿಷ್ಠ 25 ಜಿಗಿತ, ಎರಡನೆಯದಕ್ಕೆ 50, ಮೂರನೆಯದಕ್ಕೆ 200, ನಾಲ್ಕನೆಯದಕ್ಕೆ 500. ಸಂಖ್ಯೆಯೊಂದೇ ಸಾಲದು, ಪರೀಕ್ಷೆಗಳೂ ಉಂಟು. ರೆಕ್ಕೆಯುಡುಪು ಧರಿಸಿ ಹಾರಲು 200 ಜಿಗಿತಗಳಾದರೂ ಆಗಿರಬೇಕು. ತಲೆಗೆ ಕ್ಯಾಮೆರಾ ಕಟ್ಟಿಕೊಳ್ಳಲೂ ಅಷ್ಟೇ ಅನುಭವ ಬೇಕೆಂಬುದು ಸಂಘದ ಸಲಹೆ. ಒಂದು ಪುಟ್ಟ ಕ್ಯಾಮೆರಾ ಏನು ಮಾಡೀತು ಎಂದು ಕೇಳಬಹುದು. ಅದು ಕೊಡೆಯ ದಾರಕ್ಕೆ ಸಿಕ್ಕಿಹಾಕಿಕೊಳ್ಳಬಲ್ಲುದು. ಅದಕ್ಕಿಂತ ಮಿಗಿಲಾಗಿ, ಎತ್ತರವನ್ನು ನೋಡಬೇಕಾದ ಮನಸ್ಸನ್ನು ಚಿತ್ರದ ಕಡೆಗೆ ಸೆಳೆಯಬಲ್ಲುದು.

ಎತ್ತರವೆಂದರೆ ಕಾಲ

ನೆಲದ ಮೇಲೆ ನಾವು ಹೊತ್ತನ್ನು ಗಡಿಯಾರದಿಂದ ಅಳೆಯುತ್ತೇವೆ; ಜಿಗಿದವನು ಅಡಿಗಳಿಂದ ಅಳೆಯುತ್ತಾನೆ. ವಿಮಾನ ಬಿಟ್ಟ ಮೊದಲ ಹತ್ತು ಸೆಕೆಂಡುಗಳಲ್ಲಿ ಸುಮಾರು ಸಾವಿರ ಅಡಿ ಬೀಳುತ್ತಾನೆ. ಅಷ್ಟರಲ್ಲಿ ವೇಗ ಗಂಟೆಗೆ 190 ಕಿಲೋಮೀಟರಿನ ಸುಮಾರಿಗೆ ತಲುಪಿ, ಗಾಳಿಯ ತಡೆಯಿಂದಾಗಿ ಅಲ್ಲಿಯೇ ನಿಲ್ಲುತ್ತದೆ. ಅನಂತರ ಪ್ರತಿ ಸಾವಿರ ಅಡಿಗೆ ಐದಾರು ಸೆಕೆಂಡು ಮಾತ್ರ. ಎರಡೂವರೆ ಸಾವಿರ ಅಡಿಯಲ್ಲಿ ಇನ್ನೂ ಬೀಳುತ್ತಲೇ ಇರುವವನಿಗೂ ನೆಲಕ್ಕೂ ನಡುವೆ ಉಳಿದಿರುವುದು ಹದಿನೈದು ಸೆಕೆಂಡುಗಳ ಆಯುಷ್ಯ.

ಆದುದರಿಂದಲೇ ವಿದ್ಯಾರ್ಥಿಗಳಿಗೆ ಐದು ಸಾವಿರ ಅಡಿಗೂ ಮೇಲೆಯೇ ಕೊಡೆ ಬಿಚ್ಚಲು ಕಲಿಸುತ್ತಾರೆ. ಬಿಚ್ಚಿದ ಕೊಡೆ ಸಿಕ್ಕುಬಿದ್ದರೆ ಅದನ್ನು ಕತ್ತರಿಸಿ ಬಿಟ್ಟು, ಬೆನ್ನಿನಲ್ಲಿಯೇ ಇರುವ ಎರಡನೆಯ ಮೀಸಲು ಕೊಡೆಯನ್ನು ತೆರೆಯಬೇಕು. ಹಾಗೆ ಮಾಡಬೇಕೆ ಬೇಡವೆ ಎಂಬ ನಿರ್ಧಾರಕ್ಕೂ ಒಂದು ಎತ್ತರ ಗೊತ್ತಾಗಿದೆ. ಹೊಸಬರಿಗೆ ಅದು 2,500 ಅಡಿ. ನಮ್ಮ ಬಾವಲಿಯವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸಂಜೆ ಕಾಡಿನ ಗೇಟು ಮುಚ್ಚಿದ ಮೇಲೆ ಮೈಸೂರಿನ ದಾರಿಯಲ್ಲಿ ವಾಹನ ಬಿಡುವುದಿಲ್ಲ. ಎಷ್ಟು ತುರ್ತೆಂದು ವಾದಿಸಿದರೂ ಗೇಟು ತೆರೆಯದು. ಜಾಣನು ಗೇಟಿನ ಹೊತ್ತನ್ನು ಲೆಕ್ಕಹಾಕಿಯೇ ಮನೆ ಬಿಡುತ್ತಾನೆ. ಆಕಾಶದ ಗೇಟೂ ಹಾಗೆಯೇ. ಇನ್ನೊಂದು ಸಲ ಎಳೆದು ನೋಡೋಣ, ಸಿಕ್ಕು ಬಿಟ್ಟೀತು ಎಂಬ ಆಸೆಯಲ್ಲಿ ಆ ಎತ್ತರವನ್ನು ಮೀರಿದವರು ಹಲವರು ಮರಳಿ ಬಂದಿಲ್ಲ.

ಎಚ್ಚರ ತಪ್ಪಿದವರಿಗಾಗಿ ಒಂದು ಯಂತ್ರವೂ ಇದೆ. 1991ರಲ್ಲಿ ಜರ್ಮನಿಯಿಂದ ಬಂದ 'ಸೈಪ್ರೆಸ್' ಎಂಬ ಸಾಧನವು ಎತ್ತರವನ್ನೂ ವೇಗವನ್ನೂ ತಾನೇ ಅಳೆದು, ಸುಮಾರು 750 ಅಡಿಯಲ್ಲಿ ಇನ್ನೂ ವೇಗವಾಗಿ ಬೀಳುತ್ತಿರುವವನ ಮೀಸಲು ಕೊಡೆಯನ್ನು ತೆರೆಯುತ್ತದೆ. ಇದರಿಂದ ಉಳಿದ ಜೀವಗಳು ಅನೇಕ. ಆದರೆ ಇದು ಕಟ್ಟಕಡೆಯ ಆಸರೆಯೇ ಹೊರತು ಊರುಗೋಲಲ್ಲ. ಅದು ಕೆಲಸ ಮಾಡುವ ಹೊತ್ತಿಗೆ ನೆಲ ನಾಲ್ಕೈದು ಸೆಕೆಂಡುಗಳ ದೂರದಲ್ಲಿರುತ್ತದೆ.

ತೆರೆದ ಕೊಡೆಯ ಕೆಳಗಿನ ಅಪಾಯ

ಕೊಡೆ ತೆರೆಯದೆ ಸಾಯುವುದೇ ಈ ಕ್ರೀಡೆಯ ದೊಡ್ಡ ಭಯವೆಂದು ಜನಸಾಮಾನ್ಯರು ಬಗೆಯುತ್ತಾರೆ. ವಾಸ್ತವ ಬೇರೆ. ಕೊಡೆ ಚೆನ್ನಾಗಿ ತೆರೆದು, ಯಾವ ದೋಷವೂ ಇಲ್ಲದೆ ಹಾರುತ್ತಿರುವಾಗಲೇ ನೆಲಕ್ಕೆ ಅಪ್ಪಳಿಸಿ ಸತ್ತವರು ಬಹುಮಂದಿ. ಇಂದಿನ ಕೊಡೆ ಗಾರ್ನರಿನ್‌ನ ಕೊಡೆಯಂತೆ ದುಂಡಗಿಲ್ಲ. ಅದು ಬಟ್ಟೆಯ ರೆಕ್ಕೆ. ಮುಂದಕ್ಕೆ ಹಾರುತ್ತದೆ, ಎಡಬಲಕ್ಕೆ ತಿರುಗುತ್ತದೆ. ಒಂದು ಕಡೆಯ ಹಿಡಿಯನ್ನು ಬಲವಾಗಿ ಎಳೆದರೆ ಕೊಡೆ ಆ ಕಡೆಗೆ ಧುಮುಕುತ್ತದೆ, ಕೆಳಗಿರುವವನು ಲೋಲಕದಂತೆ ಹೊರಕ್ಕೆ ತೂಗುತ್ತಾನೆ. ಅವನು ಮತ್ತೆ ಕೊಡೆಯ ನೇರ ಕೆಳಗೆ ಬರುವುದಕ್ಕೆ ಕಾಲ ಬೇಕು, ಎತ್ತರ ಬೇಕು. ನೆಲದ ಸಮೀಪ ಇವೆರಡೂ ಇರುವುದಿಲ್ಲ. ಗುರಿ ತಪ್ಪಿತೆಂದೋ, ಎದುರಿಗೆ ಬೇಲಿ ಕಂಡಿತೆಂದೋ ಗಾಬರಿಯಾಗಿ ಕೊನೆಯ ನೂರು ಅಡಿಯಲ್ಲಿ ತಿರುಗಿದವನು ಪೂರ್ಣ ವೇಗದಿಂದ ನೆಲಕ್ಕೆ ಬಡಿಯುತ್ತಾನೆ.

ಇಲ್ಲಿ ಕೊಡೆಯ ಅಳತೆಯ ಪ್ರಶ್ನೆ ಬರುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಸಾಮಾನು ಸಹಿತ ಸುಮಾರು 82 ಕಿಲೋ, ಎಂದರೆ 180 ಪೌಂಡು ತೂಗುವವನು 180 ಚದರಡಿಯ ಕೊಡೆಯಲ್ಲಿ ಹಾರಿದರೆ ಚದರಡಿಗೆ ಒಂದು ಪೌಂಡು ಭಾರ ಬೀಳುತ್ತದೆ. ಹೊಸಬರು ಇದನ್ನು ಮೀರಬಾರದೆಂಬುದು ಅನುಭವಿಗಳ ಮಾತು. ಅದೇ ವ್ಯಕ್ತಿ 120 ಚದರಡಿಯ ಕೊಡೆ ಕಟ್ಟಿಕೊಂಡರೆ ಭಾರ ಒಂದೂವರೆ ಪೌಂಡಿಗೆ ಏರುತ್ತದೆ. ಕೊಡೆ ವೇಗವಾಗಿ ಹಾರುತ್ತದೆ, ಚಿಕ್ಕ ಎಳೆತಕ್ಕೂ ಥಟ್ಟನೆ ತಿರುಗುತ್ತದೆ, ತಪ್ಪನ್ನು ಕ್ಷಮಿಸುವುದಿಲ್ಲ. ಚಿಕ್ಕ ಕೊಡೆ ನೋಡಲು ಸೊಗಸು, ಗೆಳೆಯರ ನಡುವೆ ಪ್ರತಿಷ್ಠೆ. ಆ ಪ್ರತಿಷ್ಠೆಯ ಬೆಲೆಯನ್ನು ಮುರಿದ ಕಾಲುಗಳಿಂದ ತೆತ್ತವರಿದ್ದಾರೆ.

ಮೊದಲ ಜಿಗಿತದಲ್ಲಿ ಭಯವೇ ಕಾವಲುಗಾರ. ಐವತ್ತು, ನೂರು ಜಿಗಿತಗಳಾದ ಮೇಲೆ ಭಯ ಕಳೆದಿರುತ್ತದೆ, ಅನುಭವ ಮಾತ್ರ ತುಂಬಿರುವುದಿಲ್ಲ. ಈ ನಡುಗಾಲವೇ ಕೆಟ್ಟದ್ದು. ನಾಗರಹೊಳೆಯ ಜೇನುಕುರುಬರು ಮುಗಿಲೆತ್ತರದ ಮರ ಹತ್ತಿ ಹೆಜ್ಜೇನು ಇಳಿಸುವ ವಿದ್ಯೆ ಒಂದೆರಡು ದಿನಗಳಲ್ಲಿ ಕೈಗೂಡುವಂಥದಲ್ಲ; ಹಿರಿಯರ ಜೊತೆ ತಿರುಗಿ, ನೋಡಿ ನೋಡಿ ಕಲಿಯುವಂಥದು. ಆಕಾಶದ ವಿದ್ಯೆಗೂ ಅದೇ ತಾಳ್ಮೆ ಬೇಕು.

ಫೆಲಿಕ್ಸ್ ಬೌಮ್‌ಗಾರ್ಟ್ನರ್ 2012ರ ಅಕ್ಟೋಬರ್ 14ರಂದು ಸುಮಾರು 39 ಕಿಲೋಮೀಟರ್ ಎತ್ತರದಿಂದ ಜಿಗಿದುದನ್ನು ಲೋಕವೇ ನೋಡಿತು. ಆದರೆ ಅದೇ ವರ್ಷ ಮಾರ್ಚಿಯಲ್ಲಿ ಎಪ್ಪತ್ತೊಂದು ಸಾವಿರ ಅಡಿಯಿಂದ, ಜುಲೈಯಲ್ಲಿ ತೊಂಬತ್ತೇಳು ಸಾವಿರ ಅಡಿಯಿಂದ ಅವನು ಅಭ್ಯಾಸದ ಜಿಗಿತ ಮಾಡಿದ್ದನ್ನು ನೆನೆಯುವವರು ಕಡಿಮೆ. ಅಷ್ಟು ನುರಿತವನೂ ಮೆಟ್ಟಿಲು ಹಾರಲಿಲ್ಲ. ಅಂಥವನೇ 2025ರ ಜುಲೈಯಲ್ಲಿ ಇಟಲಿಯಲ್ಲಿ ಮೋಟಾರು ಪ್ಯಾರಾಗ್ಲೈಡರಿನ ಅಪಘಾತದಲ್ಲಿ ತೀರಿಕೊಂಡ. ಅನುಭವವೂ ವಜ್ರಕವಚವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಳಿಯುವ ನೆಲ

ಬಾವಲಿಯ ಮೇಲೆ ಆಕಾಶ ಎಷ್ಟು ವಿಶಾಲವಾಗಿದ್ದರೇನು, ಕೆಳಗೆ ಇರುವುದು ಮರ, ಹೊಳೆ, ಕಾಡುಪ್ರಾಣಿ. ಜಿಗಿತಕ್ಕೆ ಬೇಕಾದದ್ದು ಸುತ್ತಲೂ ತೆರಪಿರುವ ಬಯಲು. ಗಾಳಿ ಜಿಗಿತಗಾರನನ್ನು ಬೇರೆಡೆಗೆ ಒಯ್ದರೆ ಏನು ಮಾಡಬೇಕೆಂಬುದು ಮೊದಲ ಪಾಠಗಳಲ್ಲೇ ಬರುತ್ತದೆ. ಸಾಕಷ್ಟು ಎತ್ತರವಿರುವಾಗಲೇ ಬೇರೊಂದು ತೆರೆದ ಜಾಗವನ್ನು ಆರಿಸಿಕೊಳ್ಳಬೇಕು. ಮರದ ಮೇಲೆ ಬೀಳುವುದು ತಪ್ಪದಾದರೆ ಕಾಲುಗಳನ್ನು ಜೋಡಿಸಿ, ಮುಖವನ್ನು ಕಾಪಾಡಿಕೊಳ್ಳಬೇಕು. ಕೊಂಬೆಗೆ ಸಿಕ್ಕಿದ ಮೇಲೆ ತಾನೇ ಇಳಿಯಲು ಹೋಗದೆ ನೆರವಿಗಾಗಿ ಕಾಯಬೇಕು. ವಿದ್ಯುತ್ ತಂತಿಗಳು ಎಲ್ಲಕ್ಕಿಂತ ಘೋರ. ಅವುಗಳಿಗೆ ಸಿಕ್ಕವನನ್ನು, ವಿದ್ಯುತ್ತು ನಿಂತಿದೆಯೆಂದು ಖಚಿತವಾಗುವವರೆಗೆ ಯಾರೂ ಮುಟ್ಟಕೂಡದು. ಎಲ್ಲಿಯೇ ಇಳಿಯಲಿ, ಗಾಬರಿಯಲ್ಲಿ ತಿರುಗುವುದಕ್ಕಿಂತ, ಕೊಡೆಯನ್ನು ನೇರವಾಗಿ ಸಮತಟ್ಟಾಗಿ ಹಿಡಿದು, ಕಾಲು ಜೋಡಿಸಿ ಉರುಳುವುದು ಮೇಲು.

ಮನೆಯವರು ಕೇಳಬೇಕಾದುದು

ಮಕ್ಕಳು ಈ ವಿದ್ಯೆ ಕಲಿಯುತ್ತೇವೆಂದರೆ ತಾಯ್ತಂದೆಗಳು ಕೆಲವು ಪ್ರಶ್ನೆಗಳನ್ನು ಕೇಳಲಿ. ಶಿಕ್ಷಕರ ಅರ್ಹತೆ ಏನು, ಅದನ್ನು ಕೊಟ್ಟವರು ಯಾರು? ಮೀಸಲು ಕೊಡೆಯನ್ನು ಕಡೆಯದಾಗಿ ಮಡಿಚಿದವರು ಯಾರು, ಯಾವಾಗ? ಸ್ವಯಂಚಾಲಿತ ಸಾಧನ ಇದೆಯೆ, ಜಿಗಿತಕ್ಕೆ ಮುನ್ನ ಅದನ್ನು ಚಾಲೂ ಮಾಡಿದ್ದಾರೆಯೆ? ಗಾಳಿ ಹೆಚ್ಚಾದರೆ ಹೊಸಬರ ಜಿಗಿತವನ್ನು ನಿಲ್ಲಿಸುತ್ತಾರೆಯೆ, ಅಥವಾ ಹಣ ಕಟ್ಟಿದವರನ್ನು ಬೇಸರಪಡಿಸಬಾರದೆಂದು ಹತ್ತಿಸುತ್ತಾರೆಯೆ? ಹತ್ತಿರದ ಆಸ್ಪತ್ರೆ ಎಷ್ಟು ದೂರ? ನೆಟ್ಟಗಿನ ಉತ್ತರ ಕೊಡದ ಕಡೆ ಮಕ್ಕಳನ್ನು ಕಳಿಸದಿರುವುದೇ ಕ್ಷೇಮ.

ಕಲಿಯುವ ಮಗ ಮಗಳಿಗೂ ಒಂದು ಕಿವಿಮಾತು. ವಿಮಾನ ಏರಿದ ಮೇಲೂ ಮನಸ್ಸು ಒಪ್ಪದಿದ್ದರೆ, ಗಾಳಿ ಸರಿಯಿಲ್ಲವೆನಿಸಿದರೆ, ಪಟ್ಟಿಯೊಂದು ಸಡಿಲವೆಂದು ಅನುಮಾನ ಬಂದರೆ, ಜಿಗಿಯದೆ ವಿಮಾನದಲ್ಲೇ ಕುಳಿತು ಕೆಳಗಿಳಿಯಲು ನಾಚಬೇಕಾಗಿಲ್ಲ. ಆ ದಿನ ಕಟ್ಟಿದ ಹಣ ಹೋಗಬಹುದು, ಜೊತೆಯವರು ನಗಲೂಬಹುದು. ಆದರೆ ಮರುದಿನ ಮತ್ತೆ ಏರಲು ವಿಮಾನವಿರುತ್ತದೆ, ಏರುವವರೂ ಇರುತ್ತಾರೆ.